ಇಳಿಸಲಾಗದ ಮಾಡು

ಮುಂಬಯಿಯಲ್ಲಿ ಮಳೆಗಾಲ ಸಮೀಪಿಸಿತೆಂಬುದನ್ನು ನಾವು ಮೊದಲು ಕಾಣುವುದು ಮುಗಿಲಿನಲ್ಲಲ್ಲ, ಮಾಡುಗಳ ಮೇಲೆ. ಮೇ ತಿಂಗಳ ನಡುವಿಗೆ ಸ್ಥಳೀಯ ರೈಲಿನ ಕಿಟಕಿಯಿಂದ ನೋಡಿದರೆ ಕುರ್ಲಾದಿಂದ ಮುಲುಂಡಿನವರೆಗೆ ತಗಡಿನ ಕಂದುಬಣ್ಣ ಒಂದೊಂದಾಗಿ ಮರೆಯಾಗಿ ನೀಲಿ ಹರಡತೊಡಗಿರುತ್ತದೆ. ಮರಾಠಿಯವರು ಅದನ್ನು ತಾಡಪತ್ರಿ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದವರ ಬಾಯಲ್ಲಿಯೂ ಅದೇ ಮಾತು. ಕರಾವಳಿಯಿಂದ ಬಂದ ನಮಗೆ ಅದು ಟರ್ಪಾಲು. ತಾಡಪತ್ರಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ತಾಳೆಯ ಗರಿ ನೆನಪಾಗುತ್ತದೆ. ಒಂದು ಕಾಲಕ್ಕೆ ಓದುವುದಕ್ಕೂ ಹೊದಿಸುವುದಕ್ಕೂ ಗರಿಯೇ ಗತಿಯಾಗಿದ್ದ ನಾಡಿನವರಿಗೆ ಆ ಹೆಸರು ಹೊಂದಿಕೊಂಡುಬಿಟ್ಟಿರುವುದು ಆಶ್ಚರ್ಯವೇನೂ ಅಲ್ಲ.

ನಾವು ಮುಲುಂಡಿನ ಹಳೆಯ ಕಟ್ಟಡವೊಂದರ ಮೇಲ್ಮಹಡಿಯಲ್ಲಿ ವಾಸಿಸುವವರು. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಮೇಲ್ಮಹಡಿಯೆಂದರೆ ಸೋರುವ ಮಹಡಿ. ಆದುದರಿಂದ ವರ್ಷಕ್ಕೊಮ್ಮೆ ನಮ್ಮ ತಾರಸಿಯ ಮೇಲೂ ಬಿದಿರಿನ ಗಳ ನೆಟ್ಟು ತಾಡಪತ್ರಿ ಕಟ್ಟಿಸಬೇಕು. ಆ ಕೆಲಸವನ್ನು ಹಲವು ವರ್ಷಗಳಿಂದ ನೋಡುತ್ತ ನಿಂತ ನಮಗೆ ಒಂದು ಸಂಗತಿ ಸ್ಪಷ್ಟವಾಗಿದೆ: ಮಳೆಯನ್ನು ತಡೆಯುವುದು ಅರಿವೆಯ ಕೆಲಸ, ಗಾಳಿಯನ್ನು ತಾಳುವುದು ಕಟ್ಟಿನ ಕೆಲಸ.

ಗಾಳಿಯ ಲೆಕ್ಕ ಸರಳವಾಗಿದೆ, ಆದರೆ ದಯೆಯಿಲ್ಲದ್ದು. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಕು ಮಡಿಯಾಗುತ್ತದೆ. ಗಂಟೆಗೆ 50 ಕಿಲೋಮೀಟರು ವೇಗದ ಗಾಳಿಗೆ ನೇರವಾಗಿ ಎದುರಾದ ಒಂದು ಚದರ ಮೀಟರಿನ ಮೇಲೆ ಸುಮಾರು 12 ಕಿಲೋ ಭಾರದಷ್ಟು ಒತ್ತಡ ಬೀಳುತ್ತದೆ; ವೇಗ 100 ಆದರೆ ಅದು 48 ಕಿಲೋ ಆಗುತ್ತದೆ. ಹದಿನೈದಡಿ ಅಗಲ, ಇಪ್ಪತ್ತಡಿ ಉದ್ದದ ಒಂದು ಸಾಮಾನ್ಯ ಹಾಳೆಗೆ ಇದನ್ನು ಅನ್ವಯಿಸಿದರೆ ಮುನ್ನೂರು ಚಿಲ್ಲರೆ ಕಿಲೋ ಇದ್ದದ್ದು ಸಾವಿರದ ಮುನ್ನೂರನ್ನು ಮೀರುತ್ತದೆ. ಅಂಚಿನಲ್ಲಿ ಹದಿನಾರು ಕಟ್ಟುಗಳಿದ್ದರೆ ಒಂದೊಂದು ಕಟ್ಟಿಗೂ ಒಬ್ಬ ದಪ್ಪ ಮನುಷ್ಯ ಜೋತುಬಿದ್ದಂತೆ. ನಮ್ಮ ದೇಶದ ಕಟ್ಟಡ ಸಂಹಿತೆಯು ಮುಂಬಯಿಗೆ ಗೊತ್ತುಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರು, ಎಂದರೆ ಗಂಟೆಗೆ ಸುಮಾರು 158 ಕಿಲೋಮೀಟರು. ಗೋಪುರಗಳನ್ನು ಕಟ್ಟುವ ಎಂಜಿನಿಯರರು ಈ ಅಂಕಿಯನ್ನು ಮುಂದಿಟ್ಟುಕೊಂಡೇ ಗೆರೆ ಎಳೆಯಬೇಕು. ಅರಿವೆಯ ಮಾಡಿಗೆ ಯಾವ ಸಂಹಿತೆಯೂ ಇಲ್ಲ. ಅದರ ಲೆಕ್ಕವೆಲ್ಲ ಕಟ್ಟುವವನ ಬೆರಳಿನಲ್ಲಿ.

ನಮ್ಮ ತಾರಸಿಗೆ ಬರುವ ಮೇಸ್ತ್ರಿ ಕಲಬುರಗಿ ಜಿಲ್ಲೆಯವರು. ಊರಿನಲ್ಲಿ ಮಳೆಯನ್ನೇ ನಂಬಿದ ತೊಗರಿಯ ಹೊಲ, ಇಲ್ಲಿ ದಿನಗೂಲಿ. ಅವರ ಕೈಕೆಲಸದಲ್ಲಿ ನಾವು ಕಂಡ ಕೆಲವು ಸಂಗತಿಗಳನ್ನು ಹೇಳಬೇಕು. ಹಾಳೆಯ ಅಂಚಿನ ಲೋಹದ ಬಳೆಗಳನ್ನು ಅವರು ಅಷ್ಟಾಗಿ ನಂಬುವುದಿಲ್ಲ. ಬಳೆ ಕಿತ್ತುಬಂದರೆ ಅಲ್ಲಿಂದಲೇ ಹಾಳೆ ಸೀಳುತ್ತದೆ. ಅದಕ್ಕೆ ಬದಲಾಗಿ ಒಂದು ದುಂಡು ಕಲ್ಲನ್ನು ಹಾಳೆಯ ಒಳಮಗ್ಗುಲಿನಿಂದ ಒತ್ತಿ, ಹೊರಗಿನಿಂದ ಅದರ ಕತ್ತಿಗೆ ಹಗ್ಗ ಬಿಗಿಯುತ್ತಾರೆ. ಎಳೆದಷ್ಟೂ ಆ ಗಂಟು ಗಟ್ಟಿಯಾಗುತ್ತದೆ. ಹಗ್ಗಕ್ಕೂ ಗಳಕ್ಕೂ ನಡುವೆ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು. ಗಾಳಿ ಜಗ್ಗಿದಾಗ ಟ್ಯೂಬು ಹಿಗ್ಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಹಾಳೆಯನ್ನು ಮಾತ್ರ ಸಡಿಲ ಬಿಡುವಂತಿಲ್ಲ. ಪಟಪಟನೆ ಬಡಿದುಕೊಳ್ಳುವ ಹಾಳೆ ಒಂದೇ ರಾತ್ರಿಯಲ್ಲಿ ಮಡಿಕೆಗಳಲ್ಲೇ ಹರಿಯುತ್ತದೆ. ಗಾಳಿ ಬರುವ ನೈಋತ್ಯದ ಮಗ್ಗುಲನ್ನು ತಗ್ಗಿಸಿ, ಎದುರಿನ ಮಗ್ಗುಲನ್ನು ತೆರೆದಿಡುತ್ತಾರೆ.

ಅದೇಕೆಂದು ನಾವು ಕೇಳಿದೆವು. "ಗಾಳಿ ಸಂಗಟ ಜಗಳ ತಗೀಬಾರದ್ರೀ ಸಾಹೇಬ್ರ. ಒಳಗ ಬಂದದ್ದಕ್ಕ ಹೊರಗ ಹೋಗ್ಲಿಕ್ಕ ದಾರಿ ಬಿಡಬೇಕು" ಎಂದರು. ಭೌತಶಾಸ್ತ್ರದ ಪುಸ್ತಕ ಹೇಳುವುದೂ ಇದನ್ನೇ. ಮಾಡು ಹಾರುವುದು ಮೇಲಿನಿಂದ ಬೀಳುವ ಪೆಟ್ಟಿಗಲ್ಲ. ಮೇಲೆ ಓಡುವ ಗಾಳಿ ಅದನ್ನು ಹೀರುತ್ತದೆ. ಒಳಗೆ ನುಗ್ಗಿ ಹೊರದಾರಿ ಕಾಣದ ಗಾಳಿ ಅದನ್ನು ನೂಕುತ್ತದೆ. ಎರಡೂ ಒಂದಾದಾಗ ಮಾಡು ಏಳುತ್ತದೆ.

ಇಷ್ಟಾದರೂ ಅರಿವೆಯ ಮಾಡಿನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಜಾಣತನ ಕಟ್ಟುವುದರಲ್ಲಿಲ್ಲ, ಸಕಾಲದಲ್ಲಿ ಇಳಿಸುವುದರಲ್ಲಿದೆ. ಅಮೆರಿಕೆಯಲ್ಲಿರುವ ನಮ್ಮ ಅಕ್ಕನ ಮಗಳು ಒಮ್ಮೆ ಬಾಡಿಗೆ ವಾಹನವೊಂದರ ಚಿತ್ರಗಳನ್ನು ಕಳಿಸಿದ್ದಳು. ಸಣ್ಣ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿದ ಗೂಡು. ರಾತ್ರಿ ತಂಗುವಾಗ ಅದರ ಮಾಡನ್ನು ಮೇಲಕ್ಕೆತ್ತಿದರೆ ನಾಲ್ಕು ಕಡೆಯೂ ಅರಿವೆಯ ಗೋಡೆ ಬಿಚ್ಚಿಕೊಳ್ಳುತ್ತದೆ. ಗಾಳಿ ಜೋರಾದರೆ ಟ್ರಕ್ಕಿನ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಿಸಬೇಕು. ಇನ್ನೂ ಹೆಚ್ಚಿದರೆ ಮಾಡನ್ನು ಇಳಿಸಿಬಿಡಬೇಕು. ಇಳಿಸಿದ ಮೇಲೂ ತಲೆಯ ಮೇಲೆ ಗಟ್ಟಿ ಹಲಗೆಯೊಂದು ಇದ್ದೇ ಇರುತ್ತದೆ.

ಈ ವಿವೇಕ ನಮ್ಮ ಹಿರಿಯರಿಗೂ ಹೊಸದಲ್ಲ. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಡುತ್ತಿದ್ದ ಯಕ್ಷಗಾನದ ಡೇರೆ ಮೇಳಗಳು ಗದ್ದೆಯಿಂದ ಗದ್ದೆಗೆ ಲಾರಿಯಲ್ಲಿ ಡೇರೆ ಹೊತ್ತು ಸಾಗುತ್ತಿದ್ದವು. ಮೇ ತಿಂಗಳ ಕೊನೆಯ ವಾರಕ್ಕೆ ಪತ್ತನಾಜೆ ಬಂದಿತೆಂದರೆ, ಎಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಗೆಜ್ಜೆ ಬಿಚ್ಚಿ ಡೇರೆ ಮಡಚಲೇಬೇಕು. ಮುಂಗಾರಿನ ಗಾಳಿಯೊಡನೆ ಅರಿವೆಯ ರಂಗಸ್ಥಳ ಸೆಣಸುವುದು ಬೇಡವೆಂಬ ತೀರ್ಮಾನವೂ ಆ ಕಟ್ಟಳೆಯೊಳಗೆ ಅಡಗಿತ್ತು. ಕಲಾವಿದರಿಗೆ ಮರಳಲು ಊರು, ಮನೆ, ಬೇಸಾಯ ಇದ್ದವು.

ಮುಂಬಯಿಯೂ ಒಮ್ಮೆ ಈ ಕೆಲಸವನ್ನು ಚೆನ್ನಾಗಿ ಮಾಡಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಏರಿಬರುತ್ತಿದ್ದಾಗ ದಹಿಸರ್, ಬಾಂದ್ರಾ-ಕುರ್ಲಾ ಸಂಕೀರ್ಣ ಮತ್ತು ನಮ್ಮ ಮುಲುಂಡಿನ ಜಂಬೋ ಕೋವಿಡ್ ಕೇಂದ್ರಗಳಲ್ಲಿ ನೂರಾರು ರೋಗಿಗಳಿದ್ದರು. ಬಯಲಿನಲ್ಲಿ ಎಬ್ಬಿಸಿದ ತಾತ್ಕಾಲಿಕ ಆಸ್ಪತ್ರೆಗಳು ಅವು. ಮಹಾನಗರಪಾಲಿಕೆಯವರು ಅವುಗಳ ಕಟ್ಟನ್ನು ಪರೀಕ್ಷಿಸುತ್ತ ಕೂರಲಿಲ್ಲ. 580 ರೋಗಿಗಳನ್ನು ಮುಂಚಿತವಾಗಿಯೇ ಗಟ್ಟಿ ಕಟ್ಟಡಗಳ ಆಸ್ಪತ್ರೆಗಳಿಗೆ ಸಾಗಿಸಿದರು. ಮೇ 17ರಂದು ಕೊಲಾಬಾದಲ್ಲಿ ಗಾಳಿ ಗಂಟೆಗೆ 100 ಕಿಲೋಮೀಟರು ಮೀರಿ ಬೀಸಿತು. ನಮ್ಮ ಬೀದಿಯ ಗುಲ್‌ಮೊಹರ್ ಮರ ಬುಡಸಹಿತ ಉರುಳಿತು. ಆ ಹೊತ್ತಿಗೆ ಆ ಹಾಸಿಗೆಗಳು ಬರಿದಾಗಿದ್ದವು.

ಅಮೆರಿಕೆಯ ಪ್ರವಾಸಿ, ಮೇಳದ ಭಾಗವತರು, ಆಸ್ಪತ್ರೆಯ ರೋಗಿ, ಮೂವರಿಗೂ ಎರಡನೆಯ ಮಾಡೊಂದು ಇತ್ತು. ಆದುದರಿಂದ ಮೊದಲನೆಯದನ್ನು ಬಿಟ್ಟುಕೊಡಲು ಸಾಧ್ಯವಾಯಿತು. ಕಟ್ಟಡದ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದು ರಸ್ತೆಯಂಚಿನಲ್ಲಿ, ನಾಲೆಯ ದಂಡೆಯಲ್ಲಿ ಬಿಡಾರ ಹೂಡಿರುವ ನಮ್ಮ ಭಾಷೆಯ ಜನಕ್ಕೆ ಅದಿಲ್ಲ. ಅವರ ತಾಡಪತ್ರಿ ಸೋರುವ ತಾರಸಿಗೆ ಹೊದಿಸಿದ ಎರಡನೆಯ ಹೊದಿಕೆಯಲ್ಲ, ಅದೇ ಮನೆ. ನಮ್ಮ ಮೇಸ್ತ್ರಿಯ ಬಿಡಾರವೂ ಅಂಥದೇ. ಗಾಳಿ ತೀರ ಜೋರಾದ ರಾತ್ರಿ ಹಾಳೆಯನ್ನು ಇಳಿಸಿಡುವಿರಾ ಎಂದು ಕೇಳಿದಾಗ ಅವರು ಹಗ್ಗದಿಂದ ಕಣ್ಣೆತ್ತದೆ ಹೇಳಿದರು: "ಇಳಿಸಿ ಎಲ್ಲಿ ಕುಂದರೂದ್ರೀ ಸಾಹೇಬ್ರ? ಹಿಡಕೊಂಡು ಕುಂದರತೀವಿ." ಗಂಡ, ಹೆಂಡತಿ, ದೊಡ್ಡ ಮಗ, ಮೂರು ಮೂಲೆಗೆ ಮೂವರು. ನಾಲ್ಕನೆಯ ಮೂಲೆಗೆ ಲಾರಿಯ ಹಳೆಯ ಟಾಯರು.

ಚಂಡಮಾರುತ ಬಂದಾಗ ಈ ನಗರ ದಂಡೆಯವರಿಗೆ ಬಾಗಿಲು ತೆರೆಯುವುದುಂಟು. 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಅಲಿಬಾಗಿನ ಬಳಿ ದಡ ಹಾಯ್ದಾಗ ಸಮುದ್ರದಂಚಿನ ಬಸ್ತಿಗಳ ಜನರನ್ನು ಪಾಲಿಕೆಯ ಶಾಲೆಗಳಿಗೆ ಕರೆದೊಯ್ದದ್ದು ನಮಗೆ ನೆನಪಿದೆ. ಆದರೆ ಅದು ಹೆಸರಿಟ್ಟ ಗಾಳಿ. ದಿನಗಟ್ಟಲೆ ಮುಂಚೆ ನಕ್ಷೆಯಲ್ಲಿ ಕಾಣುವ ಗಾಳಿ. ಮೇ ತಿಂಗಳ ಸಂಜೆ ಧೂಳೆಬ್ಬಿಸಿಕೊಂಡು ಅರ್ಧ ಗಂಟೆಯಲ್ಲಿ ಬಂದು ಹೋಗುವ ಗಾಳಿಗೆ ಹೆಸರಿರುವುದಿಲ್ಲ. 2024ರ ಮೇ 13ರಂದು ಘಾಟ್‌ಕೋಪರಿನ ಪೆಟ್ರೋಲ್ ಪಂಪಿನ ಮೇಲೆ 120 ಅಡಿ ಉದ್ದ, 120 ಅಡಿ ಅಗಲದ ಜಾಹೀರಾತು ಫಲಕ ಉರುಳಿ 17 ಜನ ಸತ್ತರು. ಅದನ್ನು ಕೆಡವಿದ್ದು ಅಂಥ ಹೆಸರಿಲ್ಲದ ಗಾಳಿಯೇ. ಆ ಫಲಕದ ವಿಸ್ತಾರ ನಮ್ಮ ತಾರಸಿಯ ಹಾಳೆಯ 48 ಪಟ್ಟು. ಉಕ್ಕಿನ ಕಂಬಗಳ ಮೇಲೆ ಅದನ್ನು ನಿಲ್ಲಿಸಿದವರಿಗೆ ಗಾಳಿಯ ಲೆಕ್ಕ ಕಟ್ಟುವ ಅನುಕೂಲವೂ ಹೊಣೆಯೂ ಇದ್ದವು.

ತಾಡಪತ್ರಿಯ ಗಂಟನ್ನು ನಾವು ಹೊಗಳಿದ್ದು ಅದು ಹೊಗಳಿಕೆಗೆ ತಕ್ಕದ್ದಾದ್ದರಿಂದ. ಆದರೆ ಎಂಥ ಗಂಟಿಗೂ ಒಂದು ಮಿತಿಯಿದೆ. ಅದು ಮೇಸ್ತ್ರಿಗೆ ನಮಗಿಂತ ಚೆನ್ನಾಗಿ ಗೊತ್ತು. ಈಗ ಗಾಳಿಯ ಎಚ್ಚರಿಕೆ ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ಎಲ್ಲರ ಫೋನಿಗೂ ಬರುತ್ತದೆ. ಆ ಬಣ್ಣದೊಡನೆ ಸಮೀಪದ ಶಾಲೆಯ ಒಂದು ಕೋಣೆಯ ಬೀಗವೂ ತೆರೆಯುವಂತಾದರೆ, ಮೂಲೆ ಹಿಡಿದು ಕುಳಿತವರು ಹಾಳೆ ಮಡಚಿ ಕಂಕುಳಲ್ಲಿಟ್ಟುಕೊಂಡು ಅಲ್ಲಿಗೆ ನಡೆದಾರು. ಬೆಳಗಾದ ಮೇಲೆ ಮತ್ತೆ ಕಟ್ಟಿಕೊಳ್ಳುವುದು ಅವರಿಗೇನೂ ಕಷ್ಟವಲ್ಲ.