ಡಿಸ್ಚಾರ್ಜ್ ಬುಕ್ಕಿನ ಖಾಲಿ ಸಾಲುಗಳು

ಮಕ್ಕಳೇ, ಸೈನ್ಯದಿಂದ ನಿವೃತ್ತಿಯಾಗಿ ಬಂದ ಪ್ರತಿಯೊಬ್ಬ ಸಿಪಾಯಿಯ ಮನೆಯಲ್ಲೂ ಒಂದು ಚಿಕ್ಕ ಪುಸ್ತಕ ಇರುತ್ತದೆ. ಅದಕ್ಕೆ ಡಿಸ್ಚಾರ್ಜ್ ಬುಕ್ ಎನ್ನುತ್ತಾರೆ. ಸೈನ್ಯ ಸೇರಿದ ದಿನ, ಬಿಟ್ಟ ದಿನ, ಸಿಪಾಯಿ ನಂಬರು, ಮೈಮೇಲಿನ ಗುರುತು, ಹೆಂಡತಿ ಮಕ್ಕಳ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಪಿಂಚಣಿಗೂ ಅದೇ ಬೇಕು, ಆಸ್ಪತ್ರೆಗೂ ಅದೇ ಬೇಕು. ನಮ್ಮ ಅಣ್ಣ ಅದನ್ನು ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ದೇವರ ಜಗುಲಿಯ ಕೆಳಗೆ ಇಟ್ಟಿದ್ದ. ವೈನಿ ಕೂಡ ಅದನ್ನು ಮುಟ್ಟುವಂತಿರಲಿಲ್ಲ.

ಆ ಪುಸ್ತಕದಲ್ಲಿ ಪದಕಗಳ ವಿವರ ಬರೆಯುವ ಜಾಗವೂ ಇದೆ. ಅಣ್ಣನ ಪುಸ್ತಕದಲ್ಲಿ ಅಲ್ಲಿ ಎರಡೇ ಸಾಲು ಇದ್ದವು. ಒಂದು, ರಕ್ಷಾ ಪದಕ 1965. ಇನ್ನೊಂದು, ಒಂಬತ್ತು ವರ್ಷಗಳ ದೀರ್ಘ ಸೇವೆಯ ಪದಕ. ಅದರ ಕೆಳಗೆ ಖಾಲಿ.

1971ರ ಯುದ್ಧಕ್ಕೆ 50 ವರ್ಷ ತುಂಬಿದಾಗ ಊರಿನ ಶಾಲೆಯವರು ಅಣ್ಣನನ್ನು ಕರೆದರು. ನಮ್ಮದು ಬೈಲಹೊಂಗಲ ತಾಲ್ಲೂಕಿನ ಒಂದು ಹಳ್ಳಿ. ಈ ಕಡೆ ಸೈನ್ಯಕ್ಕೆ ಹೋದ ಮನೆಗಳು ಬಹಳ. ಅಣ್ಣ ಇಸ್ತ್ರಿ ಮಾಡಿದ ಕೋಟಿನ ಎಡ ಎದೆಗೆ ಎರಡು ಪದಕ ಸಿಕ್ಕಿಸಿಕೊಂಡು ಹೋದ. ಮೇಘನಾ ನದಿಯ ಕಥೆ ಹೇಳಿದ. ಕೊನೆಗೆ ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಅಜ್ಜಾ, ಇದರಾಗ ಬಾಂಗ್ಲಾ ಯುದ್ಧದ್ದು ಯಾವದರೀ?” ಎಂದು ಕೇಳಿದಳು. ಅಣ್ಣ ಪದಕಗಳ ಮೇಲೆ ಕೈ ಇಟ್ಟುಕೊಂಡು, “ಅದು ಇಲ್ಲವ್ವಾ” ಎಂದಷ್ಟೇ ಹೇಳಿ ಕುಳಿತುಬಿಟ್ಟ. ಹುಡುಗಿಯದೇನೂ ತಪ್ಪಿಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ನಾನು 35 ವರ್ಷ ಶಾಲೆಯಲ್ಲಿ ಕಲಿಸಿದವಳು. ಅಂಥ ಪ್ರಶ್ನೆ ಕೇಳುವ ಮಕ್ಕಳೇ ನನಗೆ ಇಷ್ಟ.

ಪುಣೆಯಲ್ಲಿರುವ ಅಣ್ಣನ ಮಗ ಫೋನಿನಲ್ಲಿ ಸುಲಭದ ದಾರಿ ಹೇಳಿದ. ದಂಡು ಪ್ರದೇಶದ ಅಂಗಡಿಗಳಲ್ಲಿ ಎಲ್ಲ ಪದಕಗಳೂ ಸಿಗುತ್ತವೆ, ತಂದುಕೊಡುತ್ತೇನೆ ಅಂದ. ಅಣ್ಣನಿಗೆ ಸಿಟ್ಟು ಬಂತು. “ಕಾಗದದಾಗ ಇಲ್ಲದ್ದನ್ನ ಎದಿ ಮ್ಯಾಲ ಹಾಕ್ಕೊಂಡ್ರ ಅದು ಸುಳ್ಳು ಆಗ್ತದ. ನಾ ಹಾಕ್ಕೊಳ್ಳಾಂಗಿಲ್ಲ” ಎಂದು ಫೋನು ಇಟ್ಟ. ಅವನು ಹೇಳಿದ್ದು ಸರಿ ಎಂದೇ ನನಗೂ ಅನಿಸಿತು. ನಿಜವಾದ ಸೇವಾ ಪದಕದ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು ಕೆತ್ತಿರುತ್ತಾರೆ. ಅಂಗಡಿಯ ಪದಕದ ಅಂಚು ಬೋಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪದಕ ಅಂದ ಕೂಡಲೇ ಮಕ್ಕಳು ಪರಮವೀರ ಚಕ್ರ, ವೀರ ಚಕ್ರ ಎಂದುಕೊಳ್ಳುತ್ತಾರೆ. ಅವು ಶೌರ್ಯಕ್ಕೆ ಕೊಡುವವು. ಅಣ್ಣನಿಗೆ ಬರಬೇಕಾಗಿದ್ದು ಸೇವಾ ಪದಕಗಳು. 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಅದೇ ಯುದ್ಧಕ್ಕೆ ಸಂಗ್ರಾಮ ಪದಕ ಎಂದು ಮತ್ತೊಂದು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ. “ನಾ ವೀರ ಅಲ್ಲ, ಡ್ರೈವರ್” ಎಂದು ಅಣ್ಣ ಯಾವಾಗಲೂ ಹೇಳುತ್ತಾನೆ. ಈ ಪದಕಗಳಿಗೆ ಹಣವೂ ಇಲ್ಲ, ಹೊಲವೂ ಇಲ್ಲ. ‘ಈ ಮನುಷ್ಯ ಆ ದಿನ ಅಲ್ಲಿದ್ದ’ ಎಂದು ದೇಶ ಬರೆದುಕೊಟ್ಟ ಒಂದು ಸಾಲು, ಅಷ್ಟೇ. ಆ ಒಂದು ಸಾಲೇ ಅಣ್ಣನಿಗೆ ಬೇಕಾಗಿತ್ತು.

ಅಣ್ಣ 1963ರಲ್ಲಿ ಸೈನ್ಯ ಸೇರಿ 1979ರಲ್ಲಿ ನಾಯಕ್ ಆಗಿ ಮನೆಗೆ ಬಂದ. ಓಡಿಸಿದ್ದು ಶಕ್ತಿಮಾನ್ ಲಾರಿ. ಯುದ್ಧದ ಹೊತ್ತಿನಲ್ಲಿ ತ್ರಿಪುರಾದ ಅಗರ್ತಲಾ ಕಡೆಯಿಂದ ಮದ್ದುಗುಂಡು ತುಂಬಿಕೊಂಡು ಹೋಗುತ್ತಿದ್ದ. ಡಿಸೆಂಬರ್ 5ಕ್ಕೆ ಅಖೌರಾ ನಮ್ಮ ಸೈನ್ಯದ ಕೈಗೆ ಬಂತು. ಮುಂದೆ ಮೇಘನಾ ನದಿ. ಆಶುಗಂಜ್‌ನ ರೈಲ್ವೆ ಸೇತುವೆಯನ್ನು ಪಾಕಿಸ್ತಾನದ ಸೈನಿಕರು ಹಿಂದೆ ಸರಿಯುವಾಗ ಸ್ಫೋಟಿಸಿದ್ದರು. ನಮ್ಮವರನ್ನು ಹೆಲಿಕಾಪ್ಟರ್‌ಗಳು ಹೊತ್ತು ನದಿ ದಾಟಿಸಿದವು. ಲಾರಿಗಳನ್ನು ಯಾವ ಹೆಲಿಕಾಪ್ಟರ್ ಹೊರುತ್ತದೆ? ಅಣ್ಣ ಈ ದಂಡೆಯಲ್ಲೇ ಉಳಿದ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯ ಕಾಗದಕ್ಕೆ ಸಹಿ ಬಿದ್ದದ್ದನ್ನು ಅವನು ಲಾರಿಯ ಕೆಳಗೆ ಕುಳಿತು ರೇಡಿಯೊದಲ್ಲಿ ಕೇಳಿದ. “ಇಡೀ ಯುದ್ಧದಾಗ ಢಾಕಾ ನೋಡ್ಲೇ ಇಲ್ಲ” ಎಂಬ ಕೊರಗು ಇವತ್ತಿಗೂ ಇದೆ.

ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಂಬರು, ಹುದ್ದೆ, ಯೂನಿಟ್, ಸೇರಿದ ದಿನ, ಬಿಟ್ಟ ದಿನ, ಪುಸ್ತಕದಲ್ಲಿ ಇಲ್ಲದ ಮೂರು ಪದಕಗಳ ಹೆಸರು. ಮೊಮ್ಮಗ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ. ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯವರು ನೋಡಿ, ಎರಡು ಕಡೆ ತಿದ್ದಿ, ಮುಂದೆ ಕಳಿಸಿದರು. ಸಿಪಾಯಿಯ ಮೂಲ ದಾಖಲೆ ಊರಲ್ಲಿ ಇರುವುದಿಲ್ಲ. ಅವನು ಸೇವೆ ಮಾಡಿದ ವಿಭಾಗದ ರೆಕಾರ್ಡ್ಸ್ ಆಫೀಸಿನಲ್ಲಿ ಇರುತ್ತದೆ. ಅಣ್ಣನದು ಬೇರೆ ರಾಜ್ಯದಲ್ಲಿ.

ಐದು ತಿಂಗಳಿಗೆ ಉತ್ತರ ಬಂತು. ಸ್ವಾತಂತ್ರ್ಯೋತ್ಸವದ ಪದಕವನ್ನು ಪರಿಶೀಲಿಸುತ್ತೇವೆ. ಯುದ್ಧದ ಅವಧಿಯಲ್ಲಿ ನೀವು ನಿಮ್ಮ ಮೂಲ ಯೂನಿಟ್‌ನಲ್ಲೇ ಇದ್ದಿರಿ ಎಂದು ದಾಖಲೆ ಹೇಳುತ್ತದೆ. ಆ ಯೂನಿಟ್ ಪೂರ್ವ ರಂಗದಲ್ಲಿ ಇರಲಿಲ್ಲವಾದ್ದರಿಂದ ಉಳಿದೆರಡಕ್ಕೆ ಅರ್ಹತೆ ಕಂಡುಬಂದಿಲ್ಲ ಎಂದಿತ್ತು.

ನಾನು ಓದಿ ಮುಗಿಸಿದೆ. ಅಣ್ಣ ಎದ್ದು ಎಮ್ಮೆಗೆ ಮೇವು ಹಾಕಲು ಹೋದ. ರಾತ್ರಿ ಊಟಕ್ಕೆ ಕುಳಿತಾಗ, ರೊಟ್ಟಿ ಮುರಿಯುತ್ತಾ, “ಅಂದ್ರ ಇಷ್ಟು ವರ್ಷ ನಾ ಹೇಳಿದ್ದು ಬರೇ ಕಥಿ ಆತೇನು?” ಎಂದ. ವೈನಿ ಬಾಯಿ ತೆರೆಯಲಿಲ್ಲ. 77 ವರ್ಷದ ಮನುಷ್ಯನಿಗೆ ತಾನು ಇದ್ದ ಜಾಗದಲ್ಲಿ ತಾನು ಇರಲಿಲ್ಲ ಎಂದು ಕಾಗದ ಹೇಳಿದರೆ ಏನಾಗುತ್ತದೆ ಎಂದು ಆ ರಾತ್ರಿ ನೋಡಿದೆ.

ಮಾಹಿತಿ ಹಕ್ಕು ಕಾಯ್ದೆಯ ಹೆಸರು ಕೇಳಿದ್ದೀರಲ್ಲ? 2005ರದ್ದು. 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಅಣ್ಣನ ಸೇವಾ ವಿವರದ ಪ್ರತಿ ಕೊಡಿ ಎಂದು ಅವನ ಹೆಸರಿನಲ್ಲೇ ಅರ್ಜಿ ಹಾಕಿದೆವು. 30 ದಿನದೊಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ, ಬಂತು. ಅದನ್ನು ಅಣ್ಣನ ಮುಂದೆ ಸಾಲು ಸಾಲಾಗಿ ಓದಿದಾಗ ಗಂಟು ಎಲ್ಲಿದೆ ಎಂದು ತಿಳಿಯಿತು. 1971ರ ಅಕ್ಟೋಬರಿನಲ್ಲಿ ಚಾಲಕರು ಸಾಲದೆ ಅಣ್ಣನನ್ನು ತಾತ್ಕಾಲಿಕವಾಗಿ ಬೇರೊಂದು ಯೂನಿಟ್‌ಗೆ ಕಳಿಸಿದ್ದರು. ಆ ತಾತ್ಕಾಲಿಕ ನೇಮಕ ಅವನ ದಾಖಲೆಗೆ ಏರಿಯೇ ಇರಲಿಲ್ಲ. ಪದಕಕ್ಕೆ ಹೆಸರು ಕಳಿಸುವಾಗ ಹೊಸ ಯೂನಿಟ್‌ನವರು, ಇವನು ನಮ್ಮವನಲ್ಲ ಎಂದು ಬಿಟ್ಟಿರಬೇಕು. ಹಳೆಯ ಯೂನಿಟ್‌ನವರು, ಇವನು ಇಲ್ಲಿರಲಿಲ್ಲ ಎಂದು ಬಿಟ್ಟಿರಬೇಕು. ಎರಡು ಮನೆಯ ನೆಂಟ ಉಪವಾಸ ಬಿದ್ದ ಹಾಗೆ.

ಈಗ ಬೇಕಾಗಿದ್ದು ಪುರಾವೆ. 50 ವರ್ಷದ ಹಿಂದೆ ಲಾರಿ ಓಡಿಸಿದ ರಸ್ತೆಗೆ ಪುರಾವೆ ಎಲ್ಲಿಂದ ತರುವುದು?

ನನ್ನ ಟ್ರಂಕಿನಿಂದ. ಆ ಯುದ್ಧದ ವರ್ಷ ನನಗೆ 13 ವಯಸ್ಸು. ಅವ್ವನಿಗೆ ಓದು ಬರುತ್ತಿರಲಿಲ್ಲ. ಅಣ್ಣನ ಪತ್ರ ಬಂದರೆ ನಾನು ಓದಬೇಕು, ಅವ್ವ ಕಣ್ಣು ಮುಚ್ಚಿ ಕೇಳಬೇಕು. ಮರುದಿನ ಮತ್ತೆ ಓದಬೇಕು. ಮುಂದಿನ ಪತ್ರ ಬರುವವರೆಗೂ ಅದೇ ಪತ್ರ. ಅವ್ವ ತೀರಿಕೊಂಡ ಮೇಲೆ ಆ ಪತ್ರಗಳ ಕಟ್ಟನ್ನು ನಾನು ಬೇವಿನ ಎಲೆ ಹಾಕಿ ಎತ್ತಿಟ್ಟಿದ್ದೆ.

ತೆಗೆದು ನೋಡಿದರೆ 1971ರ ನವೆಂಬರಿನಿಂದ 1972ರ ಫೆಬ್ರವರಿಯವರೆಗೆ ನಾಲ್ಕು ಪತ್ರ. ಯುದ್ಧದ ಕಾಲದಲ್ಲಿ ಸಿಪಾಯಿ ಊರಿನ ಹೆಸರು ಬರೆಯುವಂತಿಲ್ಲ. ಅಣ್ಣನೂ ಬರೆದಿರಲಿಲ್ಲ. ಒಂದರಲ್ಲಿ ಮಾತ್ರ, “ಇಲ್ಲಿ ಎಲ್ಲಿ ನೋಡಿದರೂ ನೀರು. ನಮ್ಮ ಮಲಪ್ರಭೆ ಇದರ ಮುಂದೆ ಹಳ್ಳ” ಎಂದಿತ್ತು. ಆಗ ಅವ್ವ, “ಎಲ್ಲಿ ಐತಿ ಅಂಥಾ ಹೊಳಿ?” ಎಂದು ನನ್ನನ್ನು ಕೇಳಿದ್ದಳು. ನಾನು ಶಾಲೆಯ ನಕಾಶೆ ನೋಡಿ, ಗಂಗಾ ಇರಬೇಕು ಅಂದಿದ್ದೆ.

ಆದರೆ ನೋಡಬೇಕಾಗಿದ್ದು ಪತ್ರದ ಒಳಗಲ್ಲ, ಹೊರಗೆ. ಸೈನಿಕರ ವಿಳಾಸದಲ್ಲಿ ಊರಿನ ಬದಲು ಸೇನಾ ಅಂಚೆಯ ಸಂಖ್ಯೆ ಇರುತ್ತದೆ. ನಮ್ಮ ದೇಶದಲ್ಲಿ ಅಂಥವು ಎರಡು: ಉತ್ತರ ಮತ್ತು ಪಶ್ಚಿಮದ ಕಡೆಯವರಿಗೆ 56 ಎಪಿಒ, ಪೂರ್ವದ ಕಡೆಯವರಿಗೆ 99 ಎಪಿಒ. ಅಣ್ಣನ ಅದಕ್ಕೂ ಮೊದಲಿನ ಪತ್ರಗಳಲ್ಲೆಲ್ಲ 56. ಈ ನಾಲ್ಕರಲ್ಲಿ 99. ಅದರ ಮೇಲೆ ಅವನು ತಾತ್ಕಾಲಿಕವಾಗಿ ಸೇರಿದ್ದ ಯೂನಿಟ್‌ನ ಹೆಸರು, ಅವನದೇ ಅಕ್ಷರದಲ್ಲಿ. ಪಕ್ಕದಲ್ಲಿ ಫೀಲ್ಡ್ ಪೋಸ್ಟ್ ಆಫೀಸಿನ ದುಂಡು ಮುದ್ರೆ, ದಿನಾಂಕ ಸಮೇತ. ಮೊಮ್ಮಗ ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದ: 11 ಡಿಸೆಂಬರ್ 71. ಅಣ್ಣ ಭೂತಗನ್ನಡಿ ಹಿಡಿದು ಆ ಮುದ್ರೆಯನ್ನು ಎಷ್ಟು ಹೊತ್ತು ನೋಡಿದನೋ! ನಾವು ಚಹಾ ಕುಡಿದು ಮುಗಿಸಿದರೂ ಅವನದು ಆರುತ್ತಲೇ ಇತ್ತು.

ಇನ್ನೊಂದು ಆಧಾರ ಫೋನಿನಲ್ಲಿ ಸಿಕ್ಕಿತು. ಆ ಯೂನಿಟ್‌ನ ಇನ್ನೊಬ್ಬ ಚಾಲಕರು ತಮಿಳುನಾಡಿನ ವೇಲೂರು ಕಡೆಯವರು. ಹಳೆಯ ಡೈರಿಯ ವಿಳಾಸಕ್ಕೆ ಕಾಗದ ಬರೆದಿದ್ದೆವು. ಅವರ ಮಗಳು ಫೋನು ಮಾಡಿದಳು. ಇಬ್ಬರು ಮುದುಕರು ಹಿಂದಿಯಲ್ಲಿ ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ಗಂಟೆ ಒಂದು ಗೇರ್‌ಬಾಕ್ಸ್ ಕೆಟ್ಟ ಕಥೆ. ಅವರ ಡಿಸ್ಚಾರ್ಜ್ ಬುಕ್ಕಿನಲ್ಲಿ ಪೂರ್ವಿ ಸ್ಟಾರ್ ಇತ್ತು. ಅದರ ಪ್ರತಿಯನ್ನೂ, ಇವರು ನನ್ನ ಜೊತೆ ಇದ್ದರು ಎಂಬ ಸಹಿ ಮಾಡಿದ ಹೇಳಿಕೆಯನ್ನೂ ಕಳಿಸಿದರು.

ಎರಡನೇ ಅರ್ಜಿಯಲ್ಲಿ ನಾವು ಪದಕ ಕೊಡಿ ಎಂದು ಬರೆಯಲಿಲ್ಲ. ಇಂಥ ಯೂನಿಟ್‌ನ ಇಂಥ ತಿಂಗಳುಗಳ ಆದೇಶಗಳಲ್ಲಿ ಈ ನಂಬರಿನವನ ಹೆಸರು ಇದೆಯೇ ನೋಡಿ ಎಂದು ಕೇಳಿದೆವು. ಸಿಪಾಯಿ ಬಂದದ್ದು, ಹೋದದ್ದು, ರಜೆಗೆ ಹೋದದ್ದು ಎಲ್ಲವನ್ನೂ ಯೂನಿಟ್‌ನವರು ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶದಲ್ಲಿ ಬರೆಯುತ್ತಾರೆ. ಎಲ್ಲಿ ಹುಡುಕಬೇಕೆಂದು ಹೇಳಿದರೆ ಹುಡುಕುವವರಿಗೂ ದಾರಿ ಸಿಗುತ್ತದೆ. ನಾಲ್ಕು ಪತ್ರಗಳ ಎರಡೂ ಬದಿಯ ಪ್ರತಿ ಇಟ್ಟೆವು.

ಎಂಟು ತಿಂಗಳು ಸುದ್ದಿಯಿಲ್ಲ. ಆ ನಡುವೆ ಅಣ್ಣನ ಎಡಗಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ವೇಲೂರಿನ ಅಜ್ಜ ತೀರಿಕೊಂಡರು. ಅವರ ಮಗಳು ಫೋನು ಮಾಡಿ ಹೇಳಿದ ದಿನ ಅಣ್ಣ ಅಂಗಳದ ಕಟ್ಟೆಯ ಮೇಲೆ ಕತ್ತಲಾಗುವ ತನಕ ಕುಳಿತಿದ್ದ.

ಆಮೇಲೆ ಒಂದು ಸಾಲಿನ ಕಾಗದ ಬಂತು: ತಿದ್ದುಪಡಿಗಾಗಿ ಮೂಲ ಡಿಸ್ಚಾರ್ಜ್ ಬುಕ್ ಕಳಿಸಿ.

ಸಂತೋಷದ ಸುದ್ದಿ ಎಂದು ನಾವು ಕುಣಿದರೆ ಅಣ್ಣನ ಮುಖ ಸಪ್ಪಗಾಯಿತು. “ಬುಕ್ ಕಳೀತಂದ್ರ?” ಅವನ ಅಂಜಿಕೆ ಸುಳ್ಳಲ್ಲ. ಎರಡು ದಿನ ಯೋಚಿಸಿದ. ಮೂರನೇ ದಿನ ಪ್ರತಿ ಪುಟದ ಎರಡೆರಡು ಜೆರಾಕ್ಸ್ ತೆಗೆಸಿ, ಅವ್ವನ ಸೀರೆಯ ತುಂಡನ್ನು ಬಿಚ್ಚಿ ಮಡಚಿಟ್ಟು, ಪುಸ್ತಕವನ್ನು ತಾನೇ ಅಂಚೆ ಕಚೇರಿಗೆ ಒಯ್ದ. ನೋಂದಾಯಿತ ಅಂಚೆಯ ರಸೀದಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ. ಆ ಅಂಗಿ ಒಗೆಯಲು ವೈನಿ ಪಟ್ಟ ಪಾಡು ಬೇರೆಯೇ ಒಂದು ಲೇಖನವಾದೀತು.

52 ದಿನ. ಅಂಚೆಯಣ್ಣ ಅಗಸೆ ದಾಟುವುದನ್ನು ನೋಡಲು ಅಣ್ಣ ದಿನಾ ಹನ್ನೊಂದಕ್ಕೆ ಹೊರಗೆ ಕುಳಿತಿರುತ್ತಿದ್ದ. ಜಿಟಿಜಿಟಿ ಮಳೆಯ ಒಂದು ದಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಲಕೋಟೆ ಬಂತು. ಅಣ್ಣ ಕೈ ಒರೆಸಿಕೊಂಡು ಬಿಚ್ಚಿದ. ಆ ಎರಡು ಹಳೆಯ ಸಾಲುಗಳ ಕೆಳಗೆ ಹೊಸ ಶಾಯಿಯಲ್ಲಿ ಮೂರು ಸಾಲು: ಪೂರ್ವಿ ಸ್ಟಾರ್. ಸಂಗ್ರಾಮ ಪದಕ. ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ. ಪಕ್ಕದಲ್ಲಿ ಅಧಿಕಾರಿಯ ಸಹಿ, ಕಚೇರಿಯ ಮೊಹರು. ಅಣ್ಣ ಬೆರಳಿಟ್ಟು ಒಂದೊಂದನ್ನೂ ಜೋರಾಗಿ ಓದಿದ. ಅವ್ವನಿಗೆ ನಾನು ಪತ್ರ ಓದುತ್ತಿದ್ದ ಹಾಗೆ, ಎರಡು ಸಲ.

ಪದಕಗಳು ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಪೂರ್ವಿ ಸ್ಟಾರ್ ಕಂಚಿನ ಬಣ್ಣದ, ಐದು ಮೂಲೆಯ ನಕ್ಷತ್ರ. ಅದರ ಮೇಲೆ ಅಣ್ಣನ ನಂಬರು ಹುಡುಕಲು ಮೊಮ್ಮಗ ಮತ್ತೆ ಮೊಬೈಲು ತಂದ. ಐದನೇ ತರಗತಿಯಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಈಗ ಎಂಟನೆಯದರಲ್ಲಿದ್ದಾಳೆ. ಅವಳನ್ನು ಮನೆಗೆ ಕರೆಸಿ ಅಣ್ಣ ತೋರಿಸಿದ. ಅವಳು ಕೈಯಲ್ಲಿ ಹಿಡಿದು, “ಭಾರ ಐತ್ರಿ ಅಜ್ಜಾ” ಅಂದಳು.

ಸುದ್ದಿ ಹಬ್ಬಿ, ಹೋದ ವಾರ ಪಕ್ಕದ ಊರಿನ ನಿವೃತ್ತ ಹವಾಲ್ದಾರರೊಬ್ಬರು ತಮ್ಮ ಡಿಸ್ಚಾರ್ಜ್ ಬುಕ್ಕನ್ನು ಗೊಬ್ಬರದ ಚೀಲದ ತುಂಡಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅವರದು ಪಶ್ಚಿಮಿ ಸ್ಟಾರ್ ಬಿಟ್ಟುಹೋಗಿದೆಯಂತೆ. ಅಣ್ಣ ಪುಸ್ತಕ ತೆರೆಯುವ ಮೊದಲೇ ಕೇಳಿದ:

“ಮನ್ಯಾಗ ಹಳೇ ಪತ್ರ ಯಾರರ ಇಟ್ಟಾರೇನು, ನೋಡ್ರಿ.”