ಮಾರಿದವನ ಪಾಲು

ಕಾರು ಇಟ್ಟುಕೊಂಡವರಿಗಿಂತ ಮಾರಿದವರ ಬಾಯಲ್ಲೇ ವಿವರ ಜಾಸ್ತಿ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಣ್ಣ ಕಿರಿಕಿರಿ. ಮನೆ ಮುಂದೆ ನಿಂತಿರುವ ಕಾರಿನ ಬಗ್ಗೆ ಕೇಳಿ ನೋಡಿ: ಮೈಲೇಜು, ಸಾಲದ ಕಂತು, ಸರ್ವೀಸಿಗೆ ಬಿಡಬೇಕಾದ ತಾರೀಖು, ಅಲ್ಲಿಗೆ ಮಾತು ಮುಗಿಯಿತು. ಅದೇ ನಲವತ್ತು ವರ್ಷದ ಹಿಂದೆ ಮಾರಿದ ಎರಡು ಸೀಟಿನ ಹಳೇ ಸ್ಪೋರ್ಟ್ಸ್ ಕಾರಿನ ಸುದ್ದಿ ತೆಗೆದರೆ ರಾತ್ರಿ ಊಟ ತಣ್ಣಗಾಗುತ್ತದೆ. ಬಾಗಿಲನ್ನು ಚೂರು ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಹಾಕಿಕೊಳ್ಳುತ್ತಿತ್ತಂತೆ, ಮಳೆ ಬಂದರೆ ಎಡ ಮೊಣಕಾಲಿನ ಮೇಲೆ ಮಾತ್ರ ಸೋರುತ್ತಿತ್ತಂತೆ. ಮದುವೆಯ ತಾರೀಖನ್ನು ಹೆಂಡತಿಯ ಮುಖ ನೋಡಿ ಹೇಳುವ ಮನುಷ್ಯ ಎಂಜಿನ್ ನಂಬರನ್ನು ಮಗ್ಗಿಯಂತೆ ಒಪ್ಪಿಸುತ್ತಾನೆ. ನಾವು ಇದನ್ನು ಹಳಹಳಿಕೆ ಎಂದು ತೀರ್ಮಾನಿಸಿ, ಇನ್ನೊಂದು ಲೋಟ ಕಾಫಿ ಕೊಟ್ಟು, ಉಪಾಯವಾಗಿ ಮಾತು ಬದಲಿಸುತ್ತೇವೆ. ಅದು ಅನ್ಯಾಯ ಎನ್ನುವುದು ನನ್ನ ವಾದ. ಆ ವಿವರಗಳು ಕಾರಿನ ಮೇಲಿನ ಮೋಹವಲ್ಲ, ಕಾರಿನದೇ ಬಿಡಿಭಾಗಗಳು. ಕೊಂಡವನು ಕಾರನ್ನು ಓಡಿಸಿಕೊಂಡು ಹೋದ, ಇವು ಮಾರಿದವನ ಹತ್ತಿರವೇ ಉಳಿದುಬಿಟ್ಟವು.

ಒಂದು ಕಾರನ್ನೇ ಹಿಡಿದು ಮಾತಾಡೋಣ. ಇಂಗ್ಲೆಂಡಿನ ಆಬಿಂಗ್ಡನ್ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂಜಿಬಿ ತಯಾರಾಯಿತು. ತಲೆಯ ಮೇಲೆ ಬಟ್ಟೆಯ ಹುಡ್ ಇರುವ ರೋಡ್‌ಸ್ಟರ್ ಮೊದಲು ಬಂತು, ಗಟ್ಟಿ ಛಾವಣಿಯ ಜಿಟಿ 1965ರಲ್ಲಿ. ಎರಡೂ ಸೇರಿ 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಿದ್ದವು. ಅಂದರೆ ಇದು ಮಹಾರಾಜರ ಲಾಯದ ಸರಕಲ್ಲ. ಸಂಬಳದಾರನೂ ಮನಸ್ಸು ಮಾಡಿದರೆ ಕೊಳ್ಳಬಹುದಾಗಿದ್ದ, ಮಕ್ಕಳಾದ ಮೇಲೆ ಹಲ್ಲು ಕಚ್ಚಿಕೊಂಡು ಮಾರಬೇಕಾಗುತ್ತಿದ್ದ ಕಾರು. ‘ನನ್ನ ಹತ್ತಿರವೂ ಒಂದಿತ್ತು’ ಎನ್ನುವವರು ಈ ಕಾರಿಗೆ ಅಷ್ಟೊಂದು ಜನ ಇರುವುದು ಇದಕ್ಕೇ. ನಮಗೂ ಅದು ತೀರಾ ಹೊರಗಿನದಲ್ಲ. ಅದರ 1798 ಸಿಸಿ ಎಂಜಿನ್ ಬಿಎಂಸಿ ಕಂಪನಿಯ ‘ಬಿ ಸೀರೀಸ್’ ವಂಶದ್ದು. ಅದೇ ವಂಶದ 1489 ಸಿಸಿಯ ಅಣ್ಣ ನಮ್ಮ ಅಂಬಾಸಡರಿನ ಬಾನೆಟ್ಟಿನ ಕೆಳಗೆ ದಶಕಗಟ್ಟಲೆ ಕೂತು ದುಡಿದ. ಎಂಜಿಬಿಗಿಂತ ಹಿಂದಿನ ಎಂಜಿಎ 1955ರಲ್ಲಿ ಬಂದದ್ದೂ 1489 ಸಿಸಿಯಲ್ಲೇ, ಜೊತೆಗೆ ಎರಡು ಕಾರ್ಬುರೇಟರ್ ಕಟ್ಟಿಕೊಂಡು. ಹಾಗೆ ನೋಡಿದರೆ ಮೈಸೂರು ರಸ್ತೆಯ ಪೆಟ್ರೋಲ್ ಅಂಬಾಸಡರ್ ಟ್ಯಾಕ್ಸಿಯಲ್ಲಿ ಪಕ್ಕದವರ ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಹೋದವರೆಲ್ಲ ಸ್ಪೋರ್ಟ್ಸ್ ಕಾರಿನ ದಾಯಾದಿಯ ಹಿಂದೆ ಕೂತು ಹೋದವರೇ.

ಈಗ ಎಂಜಿಬಿ ಮಾರಿದವರು ಏನನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದು ಗಮನಿಸಬೇಕು. ಕಾರಿನ ಅಂದವನ್ನು ಒಂದು ವಾಕ್ಯದಲ್ಲಿ ಮುಗಿಸಿ ಪೆಟ್ರೋಲ್ ಪಂಪಿಗೆ ಬರುತ್ತಾರೆ. ಈ ಕಾರಿನಲ್ಲಿ ಎಸ್‌ಯು ಕಂಪನಿಯ ವಿದ್ಯುತ್ ಪಂಪು ಇರುವುದು ಹಿಂಭಾಗದಲ್ಲಿ. ಕೀಲಿ ತಿರುಗಿಸಿದೊಡನೆ ಬೆನ್ನ ಹಿಂದಿನಿಂದ ಟಿಕ್ ಟಿಕ್ ಟಿಕ್ ಎಂದು ಶುರುವಾಗುತ್ತದೆ. ಕಾರ್ಬುರೇಟರಿನ ಬಟ್ಟಲು ತುಂಬುತ್ತಿದ್ದಂತೆ ಸದ್ದು ನಿಧಾನವಾಗಿ ನಿಲ್ಲುತ್ತದೆ. ನಿಲ್ಲದೆ ಹೊಡೆದುಕೊಳ್ಳುತ್ತಲೇ ಇದ್ದರೆ ಪೆಟ್ರೋಲ್ ಖಾಲಿ, ಇಲ್ಲವೇ ಎಲ್ಲೋ ಸೋರಿಕೆ. ಸದ್ದೇ ಬರದಿದ್ದರೆ ಪಂಪಿನೊಳಗಿನ ಪಾಯಿಂಟು ಕಚ್ಚಿಕೊಂಡಿದೆ ಎಂದರ್ಥ. ಆಗ ಇಳಿದು ಹೋಗಿ ಸ್ಪ್ಯಾನರಿನಿಂದ ಅದರ ತಲೆಗೊಂದು ಮೊಟಕಬೇಕು. ಎಷ್ಟು ಜೋರಾಗಿ ಎಂಬುದು ಯಾವ ಪುಸ್ತಕದಲ್ಲೂ ಇಲ್ಲ. ಇನ್ನು ತಂತಿ ಕಡ್ಡಿಯ ಚಕ್ರಗಳು. ಅವನ್ನು ಹಿಡಿದಿರುವುದು ನಡುವಿನ ಒಂದೇ ದೊಡ್ಡ ರೆಕ್ಕೆ ನಟ್ಟು, ತಾಮ್ರದ ತಲೆಯ ಸುತ್ತಿಗೆಯಿಂದ ಹೊಡೆದು ಬಿಚ್ಚಬೇಕು. ಎಡಗಡೆಯದು ಎಲ್ಲ ನಟ್ಟಿನಂತೆ ಬಿಚ್ಚಿಕೊಳ್ಳುತ್ತದೆ, ಬಲಗಡೆಯದು ತದ್ವಿರುದ್ಧ. ಕಾರು ಓಡುವಾಗ ತಾನಾಗಿ ಸಡಿಲವಾಗದಿರಲಿ ಎಂದು ಮಾಡಿದ ಏರ್ಪಾಡು ಅದು. ಮರೆತು ಉಲ್ಟಾ ಹೊಡೆದವನು ಬಿಚ್ಚುವುದಕ್ಕೆ ಹೋಗಿ ಬಿಗಿ ಮಾಡುತ್ತಾನೆ. ಸೀಟಿನ ಹಿಂದೆ ನೆಲದಡಿ 6 ವೋಲ್ಟಿನ ಎರಡು ಬ್ಯಾಟರಿ. 1967ರವರೆಗೆ ಬಂದ ಕಾರುಗಳಲ್ಲಿ ಮೈಗೆ ಸೇರಿಸಬೇಕಾದದ್ದು ಪಾಸಿಟಿವ್ ತುದಿಯನ್ನು. ಅದು ಗೊತ್ತಿಲ್ಲದೆ ಉತ್ಸಾಹದಲ್ಲಿ ರೇಡಿಯೊ ಕೂರಿಸಿದವನಿಗೆ ಹಾಡಿನ ಬದಲು ಹೊಗೆ ಬರುತ್ತಿತ್ತು.

ಗಮನಿಸಿದರೆ ಇದೆಲ್ಲ ತೊಂದರೆಗಳ ಪಟ್ಟಿ. ಪ್ರೀತಿಸಿದ ವಸ್ತುವಿನ ಬಗ್ಗೆ ಯಾರಾದರೂ ಹೀಗೆ ಚಾಡಿ ಹೇಳುತ್ತಾರೆಯೆ? ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಅವರು ನೆನೆಯುತ್ತಿರುವುದು ಕಾರನ್ನಲ್ಲ, ತಮ್ಮ ಪ್ರಾಯವನ್ನು, ಇಪ್ಪತ್ತೈದನೇ ವಯಸ್ಸಿನಲ್ಲಿ ಕತ್ತೆ ಸಾಕಿದ್ದರೂ ಹೀಗೇ ಹೇಳುತ್ತಿದ್ದರು ಎಂದು. ಕೇಳಲು ಸರಿ ಎನಿಸುತ್ತದೆ, ಆದರೆ ನಿಲ್ಲುವುದಿಲ್ಲ. ಅದೇ ಪ್ರಾಯದಲ್ಲಿ ಅದೇ ಮನುಷ್ಯನ ಮನೆಯಲ್ಲಿ ಒಂದು ಫ್ರಿಜ್ಜು ಇತ್ತು, ಗೋಡೆ ಗಡಿಯಾರವಿತ್ತು, ಆಫೀಸಿಗೆ ಹೋಗಿಬರಲು ಸಂಭಾವಿತ ಕಾರೊಂದೂ ಇದ್ದಿರಬಹುದು. ಪ್ರಾಯವೇ ಕಾರಣವಾಗಿದ್ದರೆ ಫ್ರಿಜ್ಜಿನ ಬಾಗಿಲಿನ ಬಗ್ಗೆಯೂ ಅರ್ಧ ಗಂಟೆ ಮಾತಾಡಬೇಕಿತ್ತು. (ಕತ್ತೆಯ ವಿಷಯವನ್ನು ಮಾತ್ರ ಒಪ್ಪುತ್ತೇನೆ. ಕತ್ತೆ ಸಾಕಿದವನು ಖಂಡಿತ ಹೇಳುತ್ತಿದ್ದ. ಕತ್ತೆಗೂ ಈ ಕಾರಿಗೂ ಇರುವ ಹೋಲಿಕೆ ಅಲ್ಪಸ್ವಲ್ಪದ್ದಲ್ಲ.) ಕೆಲಸ ಕೊಟ್ಟ ವಸ್ತು ಮಾತ್ರ ಕೈಯಲ್ಲಿ ಉಳಿಯುತ್ತದೆ. ಕೈಯ ನೆನಪು ತಲೆಯ ನೆನಪಿಗಿಂತ ಬೇರೆಯೇ ಕಪಾಟಿನಲ್ಲಿರುತ್ತದೆ ಎಂಬುದು ಈಗ ಬರೀ ಮಾತೂ ಅಲ್ಲ. 1953ರಲ್ಲಿ ಮೂರ್ಛೆರೋಗಕ್ಕಾಗಿ ಹೆನ್ರಿ ಮೊಲೈಸನ್ ಎಂಬಾತನ ಮಿದುಳಿಗೆ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ ಅವನಿಗೆ ಹೊಸ ಸಂಗತಿ ಯಾವುದೂ ನೆನಪಿನಲ್ಲಿ ನಿಲ್ಲದಾಯಿತು. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದಲು ಕೊಟ್ಟರು. ದಿನ ಕಳೆದಂತೆ ಅವನ ಕೈ ಪಳಗುತ್ತ ಹೋಯಿತು. ಅವನಿಗೆ ಮಾತ್ರ ಪ್ರತಿ ಸಲವೂ ಅದು ಮೊದಲ ಸಲವೇ. ಪಂಪನ್ನು ಎಷ್ಟು ಜೋರಾಗಿ ಮೊಟಕಬೇಕು ಎಂಬುದು ಆ ಕಪಾಟಿನ ಸರಕು.

ಕೈಯಲ್ಲಿ ಉಳಿದರೆ ಉಳಿಯಲಿ, ಅದು ಕಾರಿನ ಬಿಡಿಭಾಗ ಹೇಗಾಯಿತು ಎಂದು ಕೇಳಬಹುದು. ಉತ್ತರ ಕೊಡಲು ಕಾರು ಎಂದರೆ ಏನು ಎಂದೇ ಕೇಳಬೇಕಾಗುತ್ತದೆ, ಮತ್ತು ಈ ಪ್ರಶ್ನೆಯನ್ನು ಲಂಡನ್ನಿನ ಹೈಕೋರ್ಟು ನನಗಿಂತ ಮುಂಚೆಯೇ, ನನಗಿಂತ ಬಹಳ ದುಬಾರಿ ವಕೀಲರನ್ನು ಮುಂದೆ ಕೂರಿಸಿಕೊಂಡು ಕೇಳಿದೆ. ಬೆಂಟ್ಲಿ ಕಂಪನಿಯ ಸ್ಪೀಡ್ ಸಿಕ್ಸ್ ಕಾರೊಂದಕ್ಕೆ ‘ಓಲ್ಡ್ ನಂಬರ್ ಒನ್’ ಎಂದು ಹೆಸರು. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ರೇಸನ್ನು ಅದು 1929ರಲ್ಲಿ ಗೆದ್ದಿತು, 1930ರಲ್ಲಿ ಮತ್ತೆ ಗೆದ್ದಿತು. ರೇಸಿನ ಕಾರಿಗೆ ವಿಶ್ರಾಂತಿ ಎಲ್ಲಿ? ಪ್ರತಿ ಓಟಕ್ಕೂ ಒಂದಷ್ಟು ಭಾಗ ತೆಗೆಯುತ್ತಿದ್ದರು, ಒಂದಷ್ಟು ಹಾಕುತ್ತಿದ್ದರು. 1932ರ ಹೊತ್ತಿಗೆ ಅದಕ್ಕೆ 8 ಲೀಟರಿನ ಇನ್ನೊಂದು ಎಂಜಿನ್ನೇ ಬಂದು ಕೂತಿತ್ತು. ಆ ವರ್ಷ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅದು ದಂಡೆ ದಾಟಿ ಹಾರಿತು, ಓಡಿಸುತ್ತಿದ್ದ ಕ್ಲೈವ್ ಡನ್‌ಫಿ ಸತ್ತ. ಮುರಿದದ್ದನ್ನು ಮತ್ತೆ ಕಟ್ಟಿ, ಛಾವಣಿಯಿರುವ ಬೇರೆ ಮೈ ತೊಡಿಸಿ ರಸ್ತೆಗೆ ಬಿಟ್ಟರು. ಕೈಯಿಂದ ಕೈಗೆ ಹೋಗುತ್ತ ಅರವತ್ತು ವರ್ಷ ಕಳೆಯಿತು. 1990ರಲ್ಲಿ ಅದರ ಒಡೆಯರು 1 ಕೋಟಿ ಪೌಂಡಿನ ಆಸುಪಾಸಿಗೆ ಅದನ್ನು ಮಾರಲು ಒಪ್ಪಂದ ಮಾಡಿಕೊಂಡರು. ಕೊಳ್ಳಬೇಕಾದ ಕಂಪನಿ ಕಡೇ ಗಳಿಗೆಯಲ್ಲಿ ಹಿಂದೆ ಸರಿಯಿತು: ಲೆ ಮಾನ್ಸ್ ಗೆದ್ದ ಕಬ್ಬಿಣ ಇದರಲ್ಲಿ ಎಷ್ಟಿದೆ ತೋರಿಸಿ ಎಂದಿತು. ಕೇಳಿದ್ದು ತಪ್ಪಲ್ಲ. 1929ರ ಕಾರಿನದು ಎಂದು ಬೆರಳಿಟ್ಟು ತೋರಿಸಬಹುದಾದ ಲೋಹ ನಿಜಕ್ಕೂ ಬಹಳ ಕಡಿಮೆಯಿತ್ತು. ಆದರೂ ನ್ಯಾಯಮೂರ್ತಿ ಆಟನ್ ಅವರು ತೀರ್ಪು ಕೊಟ್ಟದ್ದು ಮಾರುವವರ ಪರವಾಗಿ. ಅವರು ಹಿಡಿದ ದಾರಿ ಹೀಗಿತ್ತು: ಭಾಗಗಳು ಬದಲಾದವು, ಆದರೆ ಕಾರಿನ ಕಥೆ ಎಲ್ಲೂ ಕಡಿಯಲಿಲ್ಲ, ಒಂದು ದಿನವೂ ಅದು ಇಲ್ಲವಾಗಲಿಲ್ಲ, ಆ ಹೆಸರನ್ನು ತನ್ನದೆನ್ನಬಲ್ಲ ಇನ್ನೊಂದು ಕಾರು ಜಗತ್ತಿನಲ್ಲಿಲ್ಲ, ಆದ್ದರಿಂದ ಇದೇ ಓಲ್ಡ್ ನಂಬರ್ ಒನ್. ಕಬ್ಬಿಣದ ತೂಕಕ್ಕಿಂತ ಕಥೆಯ ತೂಕ ಹೆಚ್ಚು ಬಂತು.

ನಮ್ಮ ಊರುಗಳಿಗೆ ಇದನ್ನು ಹೇಳಲು ಹೈಕೋರ್ಟು ಬೇಕಿರಲಿಲ್ಲ. ಊರ ತೇರಿನ ಗಾಲಿ ಬದಲಾಗಿರುತ್ತದೆ, ಅಚ್ಚು ಬದಲಾಗಿರುತ್ತದೆ, ಗೆದ್ದಲು ಹಿಡಿದ ತೊಲೆ ಹೋಗಿ ಹೊಸ ತೊಲೆ ಬಂದಿರುತ್ತದೆ, ಆದರೂ ಅಜ್ಜಿ ಬಾಳೆಹಣ್ಣು ಎಸೆಯುವುದು ತನ್ನ ಅಜ್ಜಿ ಎಸೆದ ತೇರಿಗೇ. ಆ ತೇರು ಯಾವ ತಿರುವಿನಲ್ಲಿ ಯಾವ ಕಡೆಗೆ ಎಳೆಯುತ್ತದೆ ಎಂದು ತಿಳಿದಿರುವುದು ಗಾಲಿಗೆ ಸನ್ನೆ ಕೊಡುವವರಿಗೆ. ಹೊಸ ಗಾಲಿ ಮಾಡಲು ಬಡಗಿ ಸಿಗುತ್ತಾನೆ. ಸನ್ನೆ ಕೊಡುವವನಿಗೆ ಗೊತ್ತಿರುವುದು ಮರದಲ್ಲಿಲ್ಲ. ಎಂಜಿಬಿಯ ಪಾಡೂ ಇದೇ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಸಂಸ್ಥೆ, ಹಳೇ ಕಾರ್ಖಾನೆಯ ಅಚ್ಚುಗಳನ್ನೇ ಬಳಸಿ, ಎಂಜಿಬಿಯ ಇಡೀ ಮೈಯನ್ನು ಹೊಸದಾಗಿ ಒತ್ತಿ ಮಾರುತ್ತಿದೆ. ಪಂಪು ಹೊಸದು ಸಿಗುತ್ತದೆ, ಚಕ್ರ ಹೊಸದು ಸಿಗುತ್ತದೆ, ಸೀಟಿನ ತೊಗಲೂ ಸಿಗುತ್ತದೆ. ದುಡ್ಡಿದ್ದರೆ ತುಕ್ಕು ಹಿಡಿದ ಕಾರಿನ ಒಂದೊಂದೇ ಭಾಗವನ್ನು ಬದಲಿಸುತ್ತ ಹೋಗಬಹುದು. ಕೊನೆಗೆ ಅಂಗಡಿಯಲ್ಲಿ ಸಿಗದೆ ಉಳಿಯುವುದು ಇದು ಅದೇ ಕಾರು ಎಂದು ಹೇಳುವ ಕಥೆಯೊಂದೇ. ಆ ಕಥೆಯ ಎರಡನೇ ಅಧ್ಯಾಯ ಯಾವುದೋ ಊರಿನಲ್ಲಿ, ಎರಡನೇ ಒಡೆಯನ ತಲೆಯಲ್ಲಿದೆ. ಅವನಿಗೆ ನಾವು ಕಾಫಿ ಕೊಟ್ಟು ಮಾತು ಬದಲಿಸುತ್ತಿದ್ದೇವೆ.

ಹೆಚ್ಚು ಬಿಗಿಯಾದ ಆಕ್ಷೇಪ ಇನ್ನೊಂದಿದೆ. ನೆನಪು ಸುಳ್ಳು ಹೇಳುತ್ತದೆ, ಕಡತ ಹೇಳುವುದಿಲ್ಲ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ವಾಹನ ಸಂಗ್ರಹಾಲಯದಲ್ಲಿ ಆಬಿಂಗ್ಡನ್ ಕಾರ್ಖಾನೆಯ ಲೆಡ್ಜರುಗಳಿವೆ. ಶುಲ್ಕ ಕಟ್ಟಿ ಕಾರಿನ ನಂಬರು ಕೊಟ್ಟರೆ ಅದು ಎಂದು ತಯಾರಾಯಿತು, ಬಣ್ಣ ಯಾವುದಿತ್ತು, ಎಂಜಿನ್ ನಂಬರೇನು ಎಂದು ಪ್ರಮಾಣಪತ್ರ ಬರೆದುಕೊಡುತ್ತಾರೆ. ಹಳೇ ಒಡೆಯ ‘ನನ್ನದು ಹುಟ್ಟಾ ಕೆಂಪು’ ಎಂದು ಆಣೆ ಇಟ್ಟು ಹೇಳಿರುತ್ತಾನೆ, ಪತ್ರದಲ್ಲಿ ಬಿಳಿ ಎಂದಿರಬಹುದು. ಆಗ ಇವನನ್ನು ಸುಳ್ಳುಗಾರನೆನ್ನುವ ಮೊದಲು ಸ್ವಲ್ಪ ಯೋಚಿಸಬೇಕು. ಲೆಡ್ಜರು ಬರೆದ ಗುಮಾಸ್ತ ಕಾರನ್ನು ಕಂಡದ್ದು ಗೇಟು ದಾಟುವವರೆಗೆ. ಆಮೇಲೆ ಮೊದಲ ಒಡೆಯ ಬಣ್ಣ ಬಳಿಸಿದ್ದರೆ ಇವನ ಕೈಗೆ ಬಂದದ್ದು ಕೆಂಪು ಕಾರೇ. ಗುಮಾಸ್ತನ ಮಾತೂ ನಿಜ, ಇವನ ಮಾತೂ ನಿಜ. ನಡುವೆ ಯಾವಾಗಲೋ ಯಾರೋ ಬಣ್ಣ ಬಳಿಸಿದರು ಎಂಬ ಮೂರನೆಯ ನಿಜ ಹೊರಬೀಳುವುದು ಇಬ್ಬರನ್ನೂ ಎದುರುಬದುರು ಕೂರಿಸಿದಾಗ. ಹಾಗೆಂದು ಎಲ್ಲವನ್ನೂ ನಂಬಬೇಕಿಲ್ಲ. ಮಾರಿದವರ ನೆನಪಿನಲ್ಲಿ ಕಾರಿನ ವೇಗ ವರ್ಷಕ್ಕಿಷ್ಟು ಮೈಲಿಯಂತೆ ಏರುತ್ತದೆ, ಮಾರಿದ ಬೆಲೆ ಇಳಿಯುತ್ತದೆ, ಈಗಿನ ಬೆಲೆ ಕೇಳಿದ ದಿನವಂತೂ ರಕ್ತದೊತ್ತಡವೂ ಏರುತ್ತದೆ. ಅಂಕಿಗಳು ತಲೆಯ ಕಪಾಟಿನವು, ಅವು ಉಬ್ಬುತ್ತವೆ. ಬಾಗಿಲನ್ನು ಎತ್ತಿ ತಳ್ಳಬೇಕು ಎಂಬುದು ಕೈಯ ಕಪಾಟಿನದು. ಅದರಲ್ಲಿ ಜಂಬಕ್ಕೆ ಏನೂ ಸಿಗುವುದಿಲ್ಲ, ಉಬ್ಬಿಸಿ ಹೇಳಲು ಕಾರಣವೂ ಇಲ್ಲ. ಕೊಂಕಿನ ವಿವರಗಳನ್ನು ಮೊದಲು ನಂಬಬೇಕು, ಹೊಗಳಿಕೆಯನ್ನು ಕಡತದ ಜೊತೆ ತಾಳೆ ನೋಡಬೇಕು.

ನಟ ಸ್ಟೀವ್ ಮೆಕ್ವೀನ್ ತನ್ನ ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಕಾರನ್ನು ಮಾರಿ, ತಡೆಯಲಾರದೆ ವರ್ಷಗಳ ನಂತರ ಅದನ್ನೇ ಮತ್ತೆ ಕೊಂಡ. ಅಂಥ ಕಾರು ಆ ಕಾಲದಲ್ಲಿ ಕಾರ್ಖಾನೆಯಿಂದ ಬಂದದ್ದೇ 16. ಅವನಿಗೆ ದುಡ್ಡಿತ್ತು, ತನ್ನ ಪಾಲನ್ನೂ ಕಾರನ್ನೂ ಒಂದೇ ಗ್ಯಾರೇಜಿನಲ್ಲಿ ಸೇರಿಸಿದ. ಉಳಿದವರಿಗೆ ಆ ದಾರಿ ಇಲ್ಲ. ಅವರು ಮಾಡಬಹುದಾದದ್ದು, ಮಾರುವ ದಿನ ಕೀಲಿ ಮತ್ತು ಕಾಗದಪತ್ರದ ಜೊತೆ ಕೈಬರಹದ ಒಂದು ಹಾಳೆಯನ್ನೂ ಕೊಡುವುದು. ಕೊಂಡವನು ಅದನ್ನು ಓದದೆ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ತುರುಕುತ್ತಾನೆ, ಅಡ್ಡಿಯಿಲ್ಲ, ಮೂರನೆಯವನು ಹುಡುಕಿಕೊಳ್ಳುತ್ತಾನೆ. ಹಾಳೆಯಲ್ಲಿ ಕಾರಿನ ವೇಗ ಬರೆಯಬಾರದು, ಬಣ್ಣವನ್ನು ಯೋಚಿಸಿ ಬರೆಯಬೇಕು. ಬಲಗಡೆಯ ಚಕ್ರದ ನಟ್ಟು ಉಲ್ಟಾ ತಿರುಗುತ್ತದೆ ಎಂಬುದನ್ನು ಮಾತ್ರ ಮೊದಲ ಸಾಲಿನಲ್ಲೇ, ದಪ್ಪ ಅಕ್ಷರದಲ್ಲಿ.