ಕೂಸಿನೊಂದಿಗೆ ಸವಾಯಿ ಗಂಧರ್ವಕ್ಕೆ

ನಮ್ಮ ಮಗಳಿಗೆ ಏಳು ತಿಂಗಳು ತುಂಬಿದಾಗ ಮನೆಯ ಹಿರಿಯರು, ಅಂದರೆ ಕೂಸಿನ ಅಜ್ಜ, ಒಂದು ಬಯಕೆಯನ್ನು ಮುಂದಿಟ್ಟರು. "ಈ ಸಲ ಡಿಸೆಂಬರ್‌ದಾಗ ಮೊಮ್ಮಗಳನ್ನ ಪುಣೆಕ್ಕ ಒಯ್ಯೂಣು. ಸವಾಯಿ ಗಂಧರ್ವದಾಗ ಒಂದೆರಡು ಹಾಡು ಆಕಿ ಕಿವೀಗೆ ಬೀಳ್ಲಿ."

ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿ. ಮನೆಮಾತು ಕನ್ನಡ, ಶಾಲೆ-ಕಚೇರಿ ಮರಾಠಿ. ಅಜ್ಜ ಹತ್ತೊಂಬತ್ತನೆಯ ವಯಸ್ಸಿಗೆ ಸೊಲ್ಲಾಪುರಕ್ಕೆ ಹೋಗಿ ಮೂವತ್ತೈದು ವರ್ಷ ಮಗ್ಗದ ಶೆಡ್ಡಿನಲ್ಲಿ ಚಾದರ, ಟವೆಲ್ಲು ನೇಯ್ದವರು. ಆ ದುಡಿಮೆಯ ನಡುವೆಯೂ ಪ್ರತಿ ಡಿಸೆಂಬರಿನಲ್ಲಿ ಎರಡು ದಿನ ರಜೆ ಹಾಕಿ ಪುಣೆಗೆ ಹೋಗುತ್ತಿದ್ದರು. ರಮಣಬಾಗದ ಶಾಲೆಯ ಮೈದಾನದಲ್ಲಿ ರಾತ್ರಿಯಿಡೀ ಕುಳಿತು, ಕೊನೆಯ ಬೆಳಗಿನ ಜಾವ ಭೀಮಸೇನ ಜೋಶಿಯವರ ಹಾಡು ಕೇಳಿಯೇ ಊರ ಬಸ್ಸು ಹಿಡಿಯುತ್ತಿದ್ದರಂತೆ. ಹಾಗಿರುವಾಗ ಅವರ ಮಾತಿಗೆ ಬೇಡವೆನ್ನಲು ನಮಗೆ ಮನಸ್ಸು ಬರಲಿಲ್ಲ.

ಆದರೆ ಒಂದು ಅಂಜಿಕೆ ಇತ್ತು. ಕೂಸಿಗೆ ಐದು ತಿಂಗಳಿದ್ದಾಗ ಬಳಗದವರೊಬ್ಬರ ಮದುವೆಯ ಮೆರವಣಿಗೆಯಲ್ಲಿ ದೊಡ್ಡ ದೊಡ್ಡ ಸ್ಪೀಕರುಗಳನ್ನು ಹೇರಿದ ಗಾಡಿ ನಮ್ಮ ಪಕ್ಕಕ್ಕೇ ಬಂದು ನಿಂತಿತು. ಕೂಸು ಮೊದಲು ಬೆಚ್ಚಿತು, ಆಮೇಲೆ ಉಸಿರುಗಟ್ಟುವಂತೆ ಅತ್ತಿತು, ಕೊನೆಗೆ ಸುಮ್ಮನಾಗಿ ಕಣ್ಣು ಮುಚ್ಚಿತು. "ನೋಡ್ರಿ, ರೂಢಿ ಆತು, ನಿದ್ದಿ ಹತ್ತಿತು" ಎಂದರು ಸುತ್ತಲಿನವರು. ನಾವೂ ಹಾಗೆಯೇ ತಿಳಿದೆವು. ಆ ತಿಳಿವಳಿಕೆ ತಪ್ಪು ಎಂದು ಹೇಳಿಕೊಟ್ಟವರು ಸೊಲ್ಲಾಪುರದ ಮಕ್ಕಳ ವೈದ್ಯರು. ನಿದ್ದೆಯಲ್ಲಿ ಕಣ್ಣಿಗೆ ರೆಪ್ಪೆಯ ಮುಚ್ಚಳವಿದೆ, ಕಿವಿಗೆ ಯಾವ ಮುಚ್ಚಳವೂ ಇಲ್ಲ. ಕೂಸು ಮಲಗಿದೆ ಎಂದ ಮಾತ್ರಕ್ಕೆ ಸದ್ದು ಅದರ ಕಿವಿಯನ್ನು ಬಿಡುವುದಿಲ್ಲ.

ಅವರು ತಿಳಿಸಿ ಹೇಳಿದ್ದು ಇಷ್ಟು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿಯೊಂದಿದೆ. ಅದರೊಳಗೆ ಸುಮಾರು 15 ಸಾವಿರ ನವಿರಾದ ರೋಮಕೋಶಗಳಿವೆ. ಸದ್ದನ್ನು ಮೆದುಳಿಗೆ ಮುಟ್ಟಿಸುವ ಕೆಲಸ ಅವುಗಳದು. ಕೂದಲು ಕಡಿದರೆ ಬೆಳೆಯುತ್ತದೆ, ಉಗುರು ಬೆಳೆಯುತ್ತದೆ. ಮನುಷ್ಯನ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೂಸಿನ ಕಿವಿಯ ನಾಳವಂತೂ ದೊಡ್ಡವರದಕ್ಕಿಂತ ಬಹಳ ಕಿರಿದು. ಅದರಿಂದ ಅದೇ ಸದ್ದು, ಮುಖ್ಯವಾಗಿ ಕೀಚಲು ಸದ್ದು, ಅದರ ತಮಟೆಯ ಮೇಲೆ ಹೆಚ್ಚು ಒತ್ತಿ ಬೀಳುತ್ತದೆ. ದೊಡ್ಡವರಾದರೆ ಎದ್ದು ಹೋಗುತ್ತೇವೆ. ಕೂಸು ಎಲ್ಲಿಗೆ ಹೋದೀತು?

ಸದ್ದಿನ ಲೆಕ್ಕವನ್ನೂ ಅವರೇ ಒಂದು ಚೀಟಿಯ ಮೇಲೆ ಬರೆದುಕೊಟ್ಟರು. ದುಡಿಯುವ ದೊಡ್ಡವರಿಗಾಗಿ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿದ ಲೆಕ್ಕದಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು. ಮೂರು ಡೆಸಿಬಲ್ ಏರಿದರೆ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 100ಕ್ಕೆ ಬರೀ 15 ನಿಮಿಷ. ಕಿವಿಗೆ ಹಾಕಿಕೊಂಡು ಕೇಳುವ ಸಾಧನಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬಲ್ ಎಂದರೆ, ಮಕ್ಕಳಿಗೆ 75 ಎಂದೇ ಹೇಳುತ್ತದೆ. ಮಕ್ಕಳ ಲೆಕ್ಕ ಯಾವಾಗಲೂ ಬಿಗಿ.

"ಒಯ್ಯಬ್ಯಾಡ್ರಿ ಅನ್ನೂದಿಲ್ಲ" ಎಂದರು ವೈದ್ಯರು. "ಸ್ಪೀಕರಿನಿಂದ ದೂರ ಕುಂದರ್ರಿ, ಸ್ವಲ್ಪ ಹೊತ್ತು ಕುಂದರ್ರಿ, ಕೂಸಿನ ಕಿವಿ ಮುಚ್ಚಿರಿ. ಈ ಮೂರು ಮಾತು ನೆನಪಿನ್ಯಾಗ ಇಡ್ರಿ."

ಕಿವಿ ಮುಚ್ಚುವುದೆಂದರೆ ಹತ್ತಿ ಇಡುವುದಲ್ಲ. ಹತ್ತಿಯಿಂದ ತಡೆಯುವುದು ತೀರ ಕಡಿಮೆ. ದೊಡ್ಡವರು ಕಿವಿಯೊಳಗೆ ತುರುಕಿಕೊಳ್ಳುವ ಸ್ಪಂಜಿನ ಬಿರಡೆಯೂ ಕೂಸಿಗೆ ಆಗದು. ನಾಳಕ್ಕೆ ಕೂಡುವುದಿಲ್ಲ, ಕಿತ್ತು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತು. ಮಕ್ಕಳಿಗೆಂದೇ ಮಾಡಿದ, ಕಿವಿಯನ್ನು ಹೊರಗಿನಿಂದ ಪೂರ್ತಿ ಮುಚ್ಚುವ ಬಟ್ಟಲಿನಂಥ ಇಯರ್‌ಮಫ್ ಸಿಗುತ್ತವೆ. ಎಳೆಯ ಮಕ್ಕಳಿಗೆ ತಲೆಯ ಸುತ್ತ ಮೆತ್ತನೆಯ ಪಟ್ಟಿ ಇರುವುದು ಒಳ್ಳೆಯದು. ನಾವು ಒಂದು ತರಿಸಿ ಹೊರಡುವ ಹತ್ತು ದಿನ ಮೊದಲೇ ಮನೆಯಲ್ಲಿ ದಿನಾ ಐದು ನಿಮಿಷ ಹಾಕಿ ರೂಢಿ ಮಾಡಿಸಿದೆವು. ಮೊದಲೆರಡು ದಿನ ಕೂಸು ಕಿತ್ತೆಸೆಯಿತು, ಮೂರನೆಯ ದಿನ ಮರೆತೇಬಿಟ್ಟಿತು.

ಅಜ್ಜನಿಗೆ ಮಾತ್ರ ಅದು ರುಚಿಸಲಿಲ್ಲ. "ಕಿವಿ ಮುಚ್ಚಿಕೊಂಡು ಯಾರರೆ ಹಾಡ ಕೇಳ್ತಾರೇನವಾ?" ಎಂದು ಸೊಸೆಯನ್ನು ಕೇಳಿದರು.

"ಪೂರಾ ಮುಚ್ಚೂದಿಲ್ರೀ ಮಾವಾ, ಸದ್ದು ಕಡಿಮಿ ಮಾಡ್ತದ ಅಷ್ಟ. ಹಾಡು ಕೇಳಸ್ತದ" ಎಂದಳು ಈಕೆ. ಅಜ್ಜ ಮರುಮಾತಾಡಲಿಲ್ಲ.

ಸೊಲ್ಲಾಪುರದಿಂದ ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದೆವು. 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿದ ಸೊಲ್ಲಾಪುರದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಈ ನಾಲ್ವರ ನೆನಪಿಗೆ ಇಟ್ಟ ಹೆಸರು ಅದು. ಕುರ್ಡುವಾಡಿ ದಾಟುವಷ್ಟರಲ್ಲಿ ಕೂಸು ಹಾಲು ಕುಡಿದು ಮಲಗಿತು. ಭಿಗವಣದ ಹತ್ತಿರ ಉಜನಿ ಅಣೆಕಟ್ಟಿನ ಹಿನ್ನೀರು ಬಂತು. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಜಾಗ ಇದು. ನಮ್ಮ ಭೀಮೆಯೇ ಇಲ್ಲಿ ಸಮುದ್ರದಂತೆ ಹರಡಿಕೊಂಡಿದ್ದಾಳೆ. ಬುತ್ತಿಯಲ್ಲಿ ಕಟಕ ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ, ಮೊಸರು ಇದ್ದವು. ದೌಂಡಿನ ಹೊತ್ತಿಗೆ ಬುತ್ತಿ ಅರ್ಧವಾಗಿತ್ತು. ಉಳಿದರ್ಧ ಸಂಜೆಗೆ.

ಈ ಉತ್ಸವ ಪುಣೆಯಲ್ಲಿ ನಡೆದರೂ ಅದರ ಬೇರು ಧಾರವಾಡದ ಸೀಮೆಯಲ್ಲಿದೆ ಎಂಬುದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಲೇಬೇಕು. ಸವಾಯಿ ಗಂಧರ್ವರೆಂದರೆ ಕುಂದಗೋಳದ ರಾಮಭಾವು. 1886ರಲ್ಲಿ ಧಾರವಾಡ ಸಮೀಪದ ಅಮ್ಮಿನಭಾವಿಯಲ್ಲಿ ಹುಟ್ಟಿ, ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಮರಾಠಿ ರಂಗಭೂಮಿಯಲ್ಲಿ ಈ ಬಿರುದು ಪಡೆದವರು. ಗಂಗೂಬಾಯಿ ಹಾನಗಲ್ಲ, ಗದಗ ಸೀಮೆಯ ಭೀಮಸೇನ ಜೋಶಿ ಅವರ ಶಿಷ್ಯರು. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ಸ್ಮರಣೆಗೆಂದು 1953ರಲ್ಲಿ ಭೀಮಸೇನರು ಮತ್ತು ಆರ್ಯ ಸಂಗೀತ ಪ್ರಸಾರಕ ಮಂಡಳ ಇದನ್ನು ಆರಂಭಿಸಿದರು. 2011ರ ಜನವರಿಯಲ್ಲಿ ಭೀಮಸೇನರೂ ತೀರಿಕೊಂಡರು. ಈಗ ಉತ್ಸವದ ಹೆಸರಿನಲ್ಲಿ ಗುರು-ಶಿಷ್ಯರಿಬ್ಬರೂ ಇದ್ದಾರೆ.

ರಾತ್ರಿಯಿಡೀ ನಡೆಯುವ ಕಾಲ ಹೋಗಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ಮಧ್ಯರಾತ್ರಿಯವರೆಗೆ ಸರಕಾರ ಸಡಿಲಿಸಬಹುದು. ಅಜ್ಜನಿಗೆ ಇದೊಂದು ಕೊರಗು, ಕೂಸಿನ ತಾಯಿ-ತಂದೆಗೆ ಇದೇ ಅನುಕೂಲ. ಮಧ್ಯಾಹ್ನ ಆರಂಭವಾಗುವ ಕಛೇರಿಗಾದರೆ ಎಳೆಗೂಸನ್ನು ಒಯ್ಯಬಹುದು.

ಮುಕುಂದನಗರದ ಮೈದಾನದ ದೊಡ್ಡ ಮಂಟಪದೊಳಗೆ ಕಾಲಿಟ್ಟಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಮೊದಲು ನಾವು ಕೂಸಿಲ್ಲದೆ ಒಂದು ಸುತ್ತು ಹಾಕಿ ಸ್ಪೀಕರುಗಳು ಎಲ್ಲೆಲ್ಲಿವೆ ಎಂದು ನೋಡಿಕೊಂಡೆವು. ಇದು ಮುಖ್ಯ. ವೇದಿಕೆಯಿಂದ ದೂರ ಕುಳಿತರಾಯಿತು ಎಂದು ಎಷ್ಟೋ ಜನ ತಿಳಿಯುತ್ತಾರೆ. ದೊಡ್ಡ ಮಂಟಪಗಳಲ್ಲಿ ನಡುವೆಯೂ ಹಿಂದೆಯೂ ಸ್ಪೀಕರುಗಳಿರಬಹುದು. ತೆರೆದ ಬಯಲಿನಲ್ಲಿ ಒಂದು ಸ್ಪೀಕರಿನಿಂದ ಇರುವ ದೂರವನ್ನು ಎರಡು ಪಟ್ಟು ಮಾಡಿದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸಾಲಾಗಿ ಜೋಡಿಸಿದ ಸ್ಪೀಕರುಗಳಾದರೆ ಅಷ್ಟು ಇಳಿಯದು. ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್‌ಗಳಿವೆ. ಅವು ಕರಾರುವಾಕ್ಕಲ್ಲ, ಆದರೂ ಯಾವ ಮೂಲೆ ಕಡಿಮೆ ಎಂದು ಹೋಲಿಸಿ ನೋಡಲು ಸಾಕು. ಹಿಂದುಗಡೆ, ಹೊರಹೋಗುವ ದಾರಿಯ ಬಳಿ, ಭಾರತೀಯ ಬೈಠಕಿನ ಅಂಚಿನಲ್ಲಿ ಜಮಖಾನೆ ಹಾಸಿದೆವು.

ಅಲ್ಲಿ ಒಂದು ತಪ್ಪಾಯಿತು. ಗಾಳಿ ತಣ್ಣಗಿದೆಯೆಂದು ಕೂಸಿಗೆ ಕುಂಚಿಗೆ ಕಟ್ಟಿ ಅದರ ಮೇಲೆ ಇಯರ್‌ಮಫ್ ಹಾಕಿದ್ದೆವು. ಬಟ್ಟಲು ಚರ್ಮಕ್ಕೆ ಅಂಟಿ ಕೂಡದಿದ್ದರೆ ಸಂದಿಯಿಂದ ಸದ್ದು ಒಳಗೆ ಹೋಗುತ್ತದೆ. ಕುಂಚಿಗೆ ತೆಗೆದು, ಕಿವಿಯ ಮುರುವನ್ನೂ ಬಿಚ್ಚಿಟ್ಟು, ಮೊದಲು ಇಯರ್‌ಮಫ್ ಹಾಕಿ ಅದರ ಮೇಲೆ ಸಡಿಲವಾಗಿ ಕುಂಚಿಗೆ ಕಟ್ಟಿದೆವು.

ಆಗ ಅಜ್ಜ ಎದ್ದು ನಿಂತರು. "ಇಲ್ಲಿ ನನಗ ಏನೂ ತಿಳಿವಲ್ದು. ಮುಂದ ಹೋಗ್ತೀನಿ. ಕೂಸಿನ್ನ ಕೊಡ್ರಿ, ನನ್ನ ತೊಡಿ ಮ್ಯಾಲೆ ಕುಂದ್ರಲಿ." ಅವರು ಬೊಟ್ಟು ಮಾಡಿ ತೋರಿಸಿದ ಜಾಗ ಸ್ಪೀಕರಿನ ಬುಡದಲ್ಲಿತ್ತು. ಈ ಪ್ರಯಾಣಕ್ಕೆ ಹೊರಟದ್ದೇ ಅವರ ಆಸೆಗಾಗಿ. ನಮ್ಮ ಗಂಟಲು ಕಟ್ಟಿತು. ಆದರೂ ಇಬ್ಬರೂ ಕೂಡಿಯೇ "ಬ್ಯಾಡ್ರಿ" ಎಂದೆವು. ಅವರು ಒಂದು ಮಾತೂ ಆಡದೆ ಒಬ್ಬರೇ ಮುಂದೆ ಹೋದರು.

ಒಬ್ಬ ಯುವ ಗಾಯಕಿ ಮುಲ್ತಾನಿ ಎತ್ತಿಕೊಂಡಿದ್ದರು. ಕೂಸು ತಾಯಿಯ ಎದೆಗೊರಗಿ ದೊಡ್ಡ ಪರದೆಯ ಮೇಲಿನ ಮುಖವನ್ನೇ ನೋಡುತ್ತಿತ್ತು. ವಿಲಂಬಿತ ಮುಗಿದು ದ್ರುತ ಬಂದಾಗ ಕಾಲು ಬಡಿಯತೊಡಗಿತು. ಕೇಳಿಸುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅರ್ಧ ತಾಸಾದ ಮೇಲೆ ಹೊರಗೆ ಕರೆದುಕೊಂಡು ಹೋಗಿ ಪಟ್ಟಿ ಬಿಚ್ಚಿ ಗಾಳಿಯಾಡಿಸಿದೆವು.

ಒಳಗೆ ಮರಳಿದಾಗ ಅಜ್ಜ ನಮ್ಮ ಜಮಖಾನೆಯ ಮೇಲೆ ಕುಳಿತಿದ್ದರು. ಮುಖ ಬಾಡಿತ್ತು. "ಅಲ್ಲಿನೂ ಅಷ್ಟ" ಎಂದರು. "ಸದ್ದು ಬರ್ತದ, ಸ್ವರ ಬರೂದಿಲ್ಲ. ತಂಬೂರಿ ಕೇಳಸ್ಲೇ ಇಲ್ಲ."

ಆಮೇಲೆ ನಾವು ಎಂದೂ ಕೇಳದಿದ್ದ ಸಂಗತಿಯನ್ನು ಹೇಳಿದರು. ಶೆಡ್ಡಿನಲ್ಲಿ ಪಕ್ಕದ ಮಗ್ಗದವನ ಮಾತು ಕೇಳದೆ ತುಟಿ ನೋಡಿಯೇ ತಿಳಿಯುತ್ತಿದ್ದರಂತೆ. ಮೊದಲ ವರ್ಷ ರಾತ್ರಿ ಮಲಗಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತಂತೆ. ಎರಡನೆಯ ವರ್ಷ ಅದೂ ರೂಢಿಯಾಯಿತಂತೆ. ಮಗ್ಗದ ಶೆಡ್ಡುಗಳಲ್ಲಿ ಸದ್ದು 90 ಡೆಸಿಬಲ್ ದಾಟುವುದು ಸಾಮಾನ್ಯ. ಹಾಗೆ ದುಡಿದವರಲ್ಲಿ ಮೊದಲು ಹೋಗುವುದು ಮೇಲಿನ ಕೀಚು ಸ್ವರಗಳು. ಮಾತು ಕೇಳಿದಂತಿರುತ್ತದೆ, ಅಕ್ಷರ ತಿಳಿಯುವುದಿಲ್ಲ. ಸದ್ದು ಹೆಚ್ಚಿಸಿದರೆ ಗದ್ದಲ ಹೆಚ್ಚುತ್ತದೆ ಹೊರತು ತಿಳಿಯಾಗುವುದಿಲ್ಲ. ನಾವು ಇಷ್ಟು ವರ್ಷ ಅವರನ್ನು "ಲಕ್ಷ್ಯ ಕೊಡೂದಿಲ್ಲ" ಎಂದು ಆಡಿಕೊಂಡಿದ್ದೆವು.

"ಆ ಮದಿವ್ಯಾಗ ರೂಢಿ ಆತು ಅಂದ್ರಲ್ಲ ಎಲ್ಲಾರೂ, ನನಗೂ ಹಿಂಗ ರೂಢಿ ಆಗಿತ್ತು" ಎಂದು ಹೇಳಿ ಕೂಸಿನ ತಲೆಯ ಪಟ್ಟಿಯನ್ನು ತಾವೇ ಸರಿಮಾಡಿದರು.

ಹೊತ್ತು ಮುಳುಗುವ ಮೊದಲು ಹೊರಗೆ ಕುಳಿತು ಉಳಿದ ಬುತ್ತಿ ಬಿಚ್ಚಿ ಉಂಡೆವು. ಮತ್ತೆ ಅರ್ಧ ತಾಸು ಕೇಳಿ, ಕೂಸು ತೂಕಡಿಸತೊಡಗಿದಾಗ ಎದ್ದುಬಂದೆವು. ಇಯರ್‌ಮಫ್ ಹಾಕಿಯೇ ಮಲಗಿಸಬಾರದು. ಎಳೆಯ ತಲೆಗೆ ಒತ್ತು ಬೀಳುತ್ತದೆ, ಪಟ್ಟಿ ಸರಿದರೆ ತೊಂದರೆ. ಕೊನೆಯ ಗಾಯನ ಕೇಳುವ ಆಸೆ ನಮಗೂ ಇತ್ತು, ಆದರೆ ಆ ದಿನ ಕೂಸಿನ ಹೊತ್ತೇ ನಮ್ಮ ಹೊತ್ತು.

ಮರಳಿದ ಮೇಲೆ ಜನವರಿಯಲ್ಲಿ ಸೊಲ್ಲಾಪುರದಲ್ಲಿ ಇಬ್ಬರ ಕಿವಿಯನ್ನೂ ಪರೀಕ್ಷೆ ಮಾಡಿಸಿದೆವು. ಕೂಸಿನದು ಸರಿಯಾಗಿದೆ. ಇದನ್ನು ನಾವು ತಡವಾಗಿ ಮಾಡಿಸಿದೆವೆಂದೇ ಹೇಳಬೇಕು. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ತಪಾಸಣೆ, ಸಂಶಯವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ತಜ್ಞರ ಕ್ರಮ. ಮಲಗಿದ ಕೂಸಿನ ಕಿವಿಯಲ್ಲಿ ಸಣ್ಣ ಕೊಳವೆಯಿಟ್ಟು ಕೆಲವೇ ನಿಮಿಷಗಳಲ್ಲಿ ಮಾಡುವ ಪರೀಕ್ಷೆ ಅದು, ನೋವಿಲ್ಲ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಎಲ್ಲ ಸೌಕರ್ಯವಿದೆ, ಕನ್ನಡದಲ್ಲೇ ತಿಳಿಸಿ ಹೇಳುತ್ತಾರೆ.

ಅಜ್ಜನಿಗೆ ಎರಡೂ ಕಿವಿಗೆ ಯಂತ್ರ ಬಂತು. ಹೋದ ಕೋಶಗಳು ಮರಳಲಿಲ್ಲ, ಆದರೆ ಮಾತು ಮೊದಲಿಗಿಂತ ತಿಳಿಯುತ್ತದೆ. ಮೊದಲ ದಿನ ಅಡುಗೆಮನೆಯ ಸದ್ದು ಕೇಳಿ, "ಈ ಮನ್ಯಾಗ ಇಷ್ಟು ಗದ್ದಲ ಇತ್ತೇನು?" ಎಂದರು. ಎರಡನೆಯ ದಿನ ಪಡಸಾಲೆಯಿಂದ ಕೂಗಿ, "ಕೂಸು ಎದ್ದದ ನೋಡ್ರಿ" ಎಂದರು. ಅದು ಒಳಕೋಣೆಯ ತೊಟ್ಟಿಲಲ್ಲಿ ತನ್ನಷ್ಟಕ್ಕೆ ತೊದಲುತ್ತಿತ್ತು. ನಮಗಿಂತ ಮೊದಲು ಅವರಿಗೇ ಕೇಳಿಸಿತ್ತು.

 ಐದು ಇಂದ್ರಿಯಗಳ ಜೋಪಾನದಲ್ಲಿ ನಾವು ಕಿವಿಯನ್ನು ಕೊನೆಗೆ ಇಟ್ಟಿದ್ದೇವೆ. ಪುಣೆಯ ಕಛೇರಿಗೆ ಎಲ್ಲರೂ ಹೋಗುವುದಿಲ್ಲ; ಆದರೆ ಮದುವೆ, ಮೆರವಣಿಗೆ, ಜಾತ್ರೆಗಳಿಗೆ ಎಳೆಗೂಸುಗಳನ್ನು ಎತ್ತಿಕೊಂಡು ಎಲ್ಲರೂ ಹೋಗುತ್ತೇವೆ. ಮಗ್ಗುಲಿನವರೊಡನೆ ಕೂಗಿ ಮಾತಾಡಬೇಕಾಯಿತೆಂದರೆ ಅಲ್ಲಿ ಕೂಸಿಗೆ ಜಾಗವಿಲ್ಲ ಎಂದೇ ತಿಳಿಯಬೇಕು. ತಾಯಂದಿರು ಹಿಂದೆ ಸರಿದರೆ ಯಾರೂ ತಪ್ಪು ತಿಳಿಯಬಾರದು. ಮೆರವಣಿಗೆ ನಡೆಸುವ ಹಿರಿಯರೇ ಸದ್ದು ತಗ್ಗಿಸಿದರೆ ಇನ್ನೂ ಒಳ್ಳೆಯದು.

ಬರುವ ಡಿಸೆಂಬರಿಗೂ ಹೋಗುವುದೆಂದು ಅಜ್ಜ ಹೇಳಿಬಿಟ್ಟಿದ್ದಾರೆ. ಈ ಸಲ ಕೂಸು ನಡೆಯುತ್ತಿರುತ್ತದೆ. ಎಲ್ಲಿ ಕುಳಿತುಕೊಳ್ಳುವುದೆಂದು ಕೇಳಿದೆವು. "ಹ್ವಾದ ವರ್ಷದ ಜಾಗಾನ ಛಲೋ ಅದ" ಎಂದರು.